ಕಿವಿ ಹಿಂಡಿಸಿಕೊಳ್ಳುವ ಪೆಟ್ಟಿಗೆ

ಭದ್ರಾವತಿ ಆಕಾಶವಾಣಿ ಗೊರಗೊರ ಎಂದರೆ ಮನೆಯಲ್ಲಿ ಯಾರಾದರೂ ‘ಅದರ ಕಿವಿ ಹಿಂಡೋ’ ಎನ್ನುತ್ತಿದ್ದ ಕಾಲವೊಂದಿತ್ತು. ಈಗಿನ ಸ್ಪೀಕರುಗಳಿಗೆ ಕಿವಿಯೇ ಇಲ್ಲ. ನುಣ್ಣಗೆ, ಸೋಪಿನ ಬಿಲ್ಲೆಯ ಹಾಗೆ ಕೂತಿರುತ್ತವೆ. ಸಿಟ್ಟು ಬಂದರೆ ಎಲ್ಲಿ ಹಿಡಿಯಬೇಕೆಂದು ತಿಳಿಯುವುದಿಲ್ಲ. ಹಳೆಯ ಸ್ಟೀರಿಯೋ ಪ್ರೀಆಂಪ್, ಅಂದರೆ ಪ್ಲೇಯರಿಗೂ ಸ್ಪೀಕರ್ ನಡೆಸುವ ಪವರ್ ಆಂಪಿಗೂ ನಡುವೆ ಕೂರುವ ಪೆಟ್ಟಿಗೆ, ಹಾಗಲ್ಲ, ಅದು ಮೈತುಂಬ ಕಿವಿಯೇ. ಮುಂದೆ ಐದಾರು ಕಿವಿ, ಏಳೆಂಟು ಗುಂಡಿ, ಹಿಂದೆ ಸಾಲು ಸಾಲು ತೂತು. ಇಷ್ಟೆಲ್ಲ ಇದ್ದೂ ತಾನಾಗಿ ಒಂದು ಸದ್ದನ್ನೂ ಹೊರಡಿಸದು. ಪಂಕ್ತಿಯಲ್ಲಿ ಬಡಿಸುವವನ ಹಾಗೆ: ಅಡುಗೆಯವನು ಒಳಗೆ, ಉಣ್ಣುವವರು ಎಲೆಯ ಮುಂದೆ, ಯಾವುದು, ಎಷ್ಟು ಎಂಬುದು ಮಾತ್ರ ಇವನ ಸೌಟಿನ ಲೆಕ್ಕ.

ಒಂದೇ ಒಂದು ಪದಾರ್ಥವನ್ನು ಈ ಬಡಿಸುವವನು ತಾನೇ ಬೇಯಿಸಬೇಕು, ಎಲ್‌ಪಿ ತಟ್ಟೆಯದ್ದು. ಸೂಜಿಯನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಸಿಡಿ ಪ್ಲೇಯರ್ ಕೊಡುವ 2 ವೋಲ್ಟಿನ ಮುಂದೆ ಅದು ಸಾರಿನೊಳಗಿನ ಇಂಗು. ಸಾಲದ್ದಕ್ಕೆ, ತಟ್ಟೆ ಕೊರೆಯುವಾಗ ಗೆರೆ ಅತಿಯಾಗಿ ಹೊಯ್ದಾಡದಿರಲೆಂದು ಮಂದ್ರವನ್ನು ತಗ್ಗಿಸಿ, ಸವಕಲು ಸದ್ದು ಅಡಗಲೆಂದು ತಾರವನ್ನು ಏರಿಸಿರುತ್ತಾರೆ. 1954ರ ಆರ್‌ಐಎಎ ಎಂಬ ಅಮೆರಿಕದ ರೆಕಾರ್ಡ್ ಉದ್ಯಮದ ಸಂಘದ ಲೆಕ್ಕ ಇದು. ಪ್ರೀಆಂಪ್ ಅದನ್ನು ತಿರುಗಾಮುರುಗಾ ಮಾಡಿ ಮೂಲಕ್ಕೆ ತರುತ್ತದೆ: 20 ಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 20 ಡೆಸಿಬೆಲ್ ಏರಿಕೆ, 20,000 ಹರ್ಟ್ಸ್‌ನಲ್ಲಿ ಅಷ್ಟೇ ಇಳಿಕೆ. ಕರೆಂಟಿನ 50 ಹರ್ಟ್ಸ್ ಈ ಏರಿಕೆಯ ದಾರಿಯಲ್ಲೇ ನಿಂತಿದೆ. 1,000 ಹರ್ಟ್ಸ್‌ನ ಸ್ವರಕ್ಕಿಂತ ಏಳು ಪಟ್ಟು ಹೆಚ್ಚು ಉಪಚಾರ ಅದಕ್ಕೆ ಸಿಗುತ್ತದೆ. ತಟ್ಟೆಯ ಇನ್‌ಪುಟ್ ಆದ ಫೋನೋಗೆ ತಿರುಗಿಸಿದಾಗ ಮಾತ್ರ ‘ಗುಂಯ್’ ಎಂದರೆ ಪೆಟ್ಟಿಗೆಯನ್ನು ಬೈಯುವ ಮೊದಲು ಹಿಂದಿರುವ ಜಿಎನ್‌ಡಿ (ಗ್ರೌಂಡ್) ತಿರುಪಿಗೆ ಟರ್ನ್‌ಟೇಬಲಿನ ತೆಳು ತಂತಿ ಬಿಗಿದಿದೆಯೇ ನೋಡಬೇಕು. ಆಮೇಲೆ ಟರ್ನ್‌ಟೇಬಲನ್ನು ಪವರ್ ಆಂಪಿನ ಟ್ರಾನ್ಸ್‌ಫಾರ್ಮರಿನಿಂದ ಎರಡು ಮೂರು ಅಡಿ ದೂರ ಸರಿಸಬೇಕು. ಎಲ್ಲ ಇನ್‌ಪುಟ್‌ಗಳಲ್ಲೂ ಒಂದೇ ಸಮ, ಸ್ವಲ್ಪ ಗಡುಸಾದ ಗುಂಯ್‌ಗಾರವಿದ್ದರೆ ಅದು 100 ಹರ್ಟ್ಸ್. ಒಳಗಿನ ಫಿಲ್ಟರ್ ಕೆಪಾಸಿಟರುಗಳು ಒಣಗಿವೆ ಎಂದು ತಿಳಿಯಬಹುದು. ತಂಬೂರಿಯ ಶ್ರುತಿ ಹಿಡಿದವರಿಗೆ 50 ಮತ್ತು 100ರ ವ್ಯತ್ಯಾಸ ಕಷ್ಟವಲ್ಲ, ಒಂದು ಸ್ಥಾಯಿ ಅಷ್ಟೇ.

ಯಾವುದನ್ನು ಕೊಳ್ಳಬೇಕು? ಕ್ವಾಡ್ 33 ಬಂದದ್ದು 1967ರಲ್ಲಿ. ಚಿಕ್ಕದು, ಚೊಕ್ಕದು, ಬ್ರಿಟನ್ನಿನದ್ದಾದ್ದರಿಂದ ನಮ್ಮ ವೋಲ್ಟೇಜಿಗೆ ಒಗ್ಗುತ್ತದೆ. ಆದರೆ ಹಿಂದೆ ಹಲವು ಪಿನ್ನಿನ ದುಂಡನೆಯ ಡಿನ್ ಸಾಕೆಟ್, ಬೇರೆ ತಂತಿ ಮಾಡಿಸಿಕೊಳ್ಳಬೇಕು. ನ್ಯಾಡ್ 1020 ನೋಟಕ್ಕೆ ಬಡಪಾಯಿ, ಕೆಲಸಕ್ಕೆ ಗಟ್ಟಿ. ಡೈನಕೊ ಪಿಎಎಸ್‌–3ರ ಒಳಗೆ ನಾಲ್ಕು 12ಎಎಕ್ಸ್7 ವಾಲ್ವುಗಳು ಕೆಂಪಗೆ ಮಿನುಗುವುದು ಕಣ್ಣಿಗೆ ಹಬ್ಬವೇ, ಆದರೆ ಅಲ್ಲಿ ಓಡುವುದು ನೂರಾರು ವೋಲ್ಟಿನ ಡಿಸಿ. ಮೊದಲ ಸಲಕ್ಕೆ ಟ್ರಾನ್ಸಿಸ್ಟರಿನದ್ದೇ ವಾಸಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೆಸರಿಗಿಂತ ಮುಖ್ಯ ಹಿಂಬದಿಯ ತಗಡಿನ ಮೇಲಿನ ಅಂಕಿ. ಅಮೆರಿಕದ್ದಾದರೆ 120 ವೋಲ್ಟ್, ಜಪಾನಿನ ಒಳನಾಡಿನದ್ದಾದರೆ 100. ಪ್ರೀಆಂಪ್ ಉಣ್ಣುವುದು ಕಡಿಮೆ, 100 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಧಾರಾಳ. ಆದರೆ 110ರದ್ದನ್ನು ತಂದು 100ರದ್ದಕ್ಕೆ ಹಾಕಿದರೆ ಅದು ದಿನವೂ ಬಿಸಿಯಲ್ಲಿ ಬೇಯುತ್ತದೆ.

ತಂದ ದಿನವೇ ಪ್ಲಗ್ಗಿಗೆ ಸಿಕ್ಕಿಸುವ ಆತುರ ಬೇಡ. ಎಲೆಕ್ಟ್ರಿಷಿಯನ್ನರ ಬಳಿ ಇರುವ ಸೀರೀಸ್ ಬೋರ್ಡು ತಂದು 40 ವಾಟಿನ ಹಳೇ ತಂತಿಯ ಬಲ್ಬಿನ ಮೂಲಕ ಕರೆಂಟು ಕೊಡಿ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ. ಇನ್ನೊಂದು ಮಾತು. ‘ಸದ್ದೇ ಬರುತ್ತಿಲ್ಲ’ ಎಂದು ರಿಪೇರಿಗೆ ಹೋಗುವ ಪೆಟ್ಟಿಗೆಗಳಲ್ಲಿ ಎಷ್ಟೋ ಆರೋಗ್ಯವಾಗಿಯೇ ಇರುತ್ತವೆ, ಟೇಪ್ ಮಾನಿಟರ್ ಗುಂಡಿ ಒತ್ತಿಕೊಂಡಿರುತ್ತದೆ ಅಷ್ಟೇ. ಇಲ್ಲದ ಟೇಪ್ ರೆಕಾರ್ಡರಿಗೆ ಅದು ಕಾದು ಕೂತಿರುತ್ತದೆ. ಆ ಟೇಪಿನ ಇನ್‌ಪುಟ್ ತೂತಿಗೆ ಬ್ಲೂಟೂತ್ ರಿಸೀವರ್ ಸಿಕ್ಕಿಸಿದರೆ ಮೊಬೈಲಿಗೂ ಪಂಕ್ತಿಯಲ್ಲಿ ಒಂದು ಎಲೆ ಸಿಕ್ಕಿತು.

ಇಷ್ಟೂ ಯಾವ ಊರಿಗಾದರೂ ಸಲ್ಲುವ ಮಾತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಮುಖ್ಯವಾದದ್ದು ಇನ್ನು ಮುಂದಿದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಮದುವೆ ಆಲ್ಬಮ್ಮಿಗೂ ಬೂಸ್ಟು. ಪ್ರೀಆಂಪಿನ ಕಿವಿಗಳನ್ನು ಅದು ಬಿಟ್ಟೀತೆ? ವಾಲ್ಯೂಮಿನ ಒಳಗಿರುವುದು ಕಾರ್ಬನ್ನಿನ ತೆಳು ಪಟ್ಟಿ, ಅದರ ಮೇಲೆ ಓಡುವ ಲೋಹದ ಬೆರಳು. ತಿಂಗಳು ತಿರುಗಿಸದೆ ಬಿಟ್ಟರೆ ತೇವ ಮತ್ತು ಧೂಳು ಸೇರಿ ಪದರ ಕಟ್ಟುತ್ತದೆ. ಮುಟ್ಟಿದರೆ ಕರಕರ, ಒಂದು ಕಡೆಯ ಸ್ಪೀಕರ್ ಮೌನ. ಇನ್‌ಪುಟ್ ಆರಿಸುವ ಸೆಲೆಕ್ಟರಿನ ಬೆಳ್ಳಿ ಲೇಪದ ಸಂಪರ್ಕಗಳು ದೇವರ ದೀಪದ ಹಾಗೆ ಕಪ್ಪಾಗುತ್ತವೆ.

ಮದ್ದು ಸುಲಭ. ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ವಾಲ್ಯೂಮಿನ ಮೂರು ಕಾಲುಗಳ ಮೇಲಿನ ಸಂದಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರನ್ನು ಒಂದು ಸೆಕೆಂಡು ಸಿಂಪಡಿಸಿ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಅರ್ಧ ಗಂಟೆ ಆರಲು ಬಿಡಿ. ಹಿಂದಿನ ಸಾಕೆಟ್‌ಗಳಿಗೆ ಹತ್ತಿಯ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್. ಮಲೆನಾಡಿನಲ್ಲಿ ಕೀರಲು ಬಾಗಿಲಿನಿಂದ ಕೂದಲವರೆಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಇಲ್ಲಿ ಮಾತ್ರ ಖಂಡಿತ ಬೇಡ. ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಧೂಳು ಅಂಟಿ ಆರು ತಿಂಗಳಲ್ಲಿ ಗಸಿಯಾಗುತ್ತದೆ. ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸೀತು.

ತೊಳೆದ ವಾರಕ್ಕೇ ಕರಕರ ಮರಳಿದರೆ ತಪ್ಪು ಕಿವಿಯದ್ದಲ್ಲ. ಸದ್ದನ್ನು ಬಿಟ್ಟು ಡಿಸಿಯನ್ನು ತಡೆಯಬೇಕಾದ, ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಡಿಸಿಯನ್ನು ಸೋರಿಸುತ್ತಿರುತ್ತದೆ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ವಾಲ್ಯೂಮಿನ ತುದಿಕಾಲಿಗೂ ಗ್ರೌಂಡಿಗೂ ನಡುವೆ ಅಳೆಯಿರಿ. ಒಂದೆರಡು ಮಿಲಿವೋಲ್ಟ್ ಲೆಕ್ಕಕ್ಕಿಲ್ಲ, ಹತ್ತಾರು ಬಂದರೆ ಅನುಮಾನ ನಿಜ. ಬದಲಿಸುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದ್ದು ಸಿಕ್ಕರೆ ಉತ್ತಮ. ಮೈನಸ್ ಪಟ್ಟಿ ಯಾವ ಕಡೆಗಿತ್ತೆಂದು ಕಿತ್ತ ಮೇಲೆ ಯೋಚಿಸುವುದಲ್ಲ, ಮೊದಲೇ ಫೋಟೋ ತೆಗೆದುಕೊಳ್ಳಬೇಕು. ಒಂದೊಂದಾಗಿ ಕಿತ್ತು ಹಾಕಿ. ಹತ್ತನ್ನೂ ಒಟ್ಟಿಗೆ ಕಿತ್ತರೆ, ಆಮೇಲೆ ಸದ್ದು ಬರದಾಗ ಯಾವುದು ಉಲ್ಟಾ ಎಂದು ಹುಡುಕುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ತೇವ ಬಾರದಂತೆ ಮಾಡುವುದು ಇಷ್ಟಕ್ಕಿಂತ ಅಗ್ಗ. ಹೊರಗೋಡೆಗೆ ಒತ್ತಿಕೊಂಡ ಗೂಡಿನಲ್ಲಿ ಇಡಬಾರದು, ಗೋಡೆ ಬೆವರುತ್ತದೆ. ಬಾಗಿಲಿರುವ ಕಪಾಟಾದರೆ ಕೆಳಗಿನ ಖಾನೆಯಲ್ಲಿ ಹಳೇ ಮಾದರಿಯ ಜೀರೋ ಬಲ್ಬು ಉರಿಯಲಿ. ಜೀರೋ ಎಂಬ ಹೆಸರಷ್ಟೇ, ಹನ್ನೆರಡು ಹದಿನೈದು ವಾಟ್ ಎಳೆಯುತ್ತದೆ, ಆ ಕಾವು ಸಾಕು. ಎಲ್‌ಇಡಿಯಲ್ಲಿ ಆ ಗುಣವಿಲ್ಲ. ಇನ್ನೂ ಒಳ್ಳೆಯದು ದಿನಕ್ಕೊಂದು ಗಂಟೆ ಪ್ರೀಆಂಪನ್ನೇ ಹಾಕುವುದು. ಅಟ್ಟದ ಮೇಲಿನ ಬುಟ್ಟಿಗಳು ಒಲೆಯ ಹೊಗೆಯಿಂದ ಬಾಳಿದಂತೆ, ಇದು ತನ್ನದೇ ಟ್ರಾನ್ಸ್‌ಫಾರ್ಮರಿನ ಬಿಸಿಯಿಂದ ಬಾಳುತ್ತದೆ. ಬಟ್ಟೆ ಸುತ್ತಿ ಜೋಪಾನ ಮಾಡಿದ್ದೇ ಮೊದಲು ಕೆಡುವುದು. ಆ ಬಿಸಿ ಹುಡುಕಿ ಹಲ್ಲಿಯೂ ಬರುತ್ತದೆ ಎಂಬುದೊಂದು ತಾಪತ್ರಯ. ಗಾಳಿತೂತುಗಳ ಒಳಬದಿಗೆ ನೈಲಾನ್ ಸೊಳ್ಳೆಪರದೆ ಅಂಟಿಸಿ. ಬಳಸದ ಸಾಕೆಟ್‌ಗಳಿಗೆ ಟೋಪಿ ಹಾಕಿ, ಇಲ್ಲವಾದರೆ ಕುಂಬಾರಹುಳ ಮಣ್ಣು ತಂದು ಮೆತ್ತುತ್ತದೆ.

ಇನ್ನು ಕರೆಂಟು. ಶರಾವತಿಯ ಕರೆಂಟು ನಾಡಿಗೆಲ್ಲ ಹೋಗುತ್ತದೆ; ಅದರ ದಂಡೆಯ ಊರಿನಲ್ಲಿ ಒಂದು ಗೆಲ್ಲು ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಹಾಕುವಾಗ ಪ್ರೀಆಂಪ್ ಮೊದಲು, ಅರ್ಧ ನಿಮಿಷ ಬಿಟ್ಟು ಪವರ್ ಆಂಪ್. ಆರಿಸುವಾಗ ಪವರ್ ಆಂಪ್ ಮೊದಲು. ಪ್ರೀಆಂಪಿನ ಒಳಗೆ ವೋಲ್ಟೇಜು ನೆಲೆಗೊಳ್ಳುವಾಗ ಏಳುವ ‘ಧಡ್’ ಸ್ಪೀಕರಿಗೆ ತಲುಪಬಾರದು ಎಂಬುದಷ್ಟೇ ಕಾರಣ. ಹೋದ ಕರೆಂಟು ಮರಳುವಾಗ ಈ ಸಾಲುಮರ್ಯಾದೆ ಕಾಯುವುದಿಲ್ಲ. ಆದ್ದರಿಂದ ಕರೆಂಟು ಹೋದ ಕೂಡಲೇ ಪವರ್ ಆಂಪಿನ ಸ್ವಿಚ್ ಆರಿಸಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಚೌಕ ಅಲೆಯ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಜೀರುಂಡೆಯ ಹಾಗೆ ಕೊರೆಯುತ್ತದೆ. ಸೈನ್ ಅಲೆಯದ್ದಿದ್ದರೆ ಮಾತ್ರ ಕೇಳಿ.

ಹೊಸ ಉಪಕರಣಗಳ 2 ವೋಲ್ಟ್ ಹಳೆಯ ಪ್ರೀಆಂಪಿಗೆ ಹೆಚ್ಚು. ಅದರ ಕಾಲದ ಟ್ಯೂನರುಗಳು ಕೊಡುತ್ತಿದ್ದುದು ವೋಲ್ಟಿನ ಭಾಗಗಳಲ್ಲಿ. ಹೀಗಾಗಿ ವಾಲ್ಯೂಮ್ ಕಾಲುಭಾಗ ತಿರುಗುವಷ್ಟರಲ್ಲಿ ಮನೆ ನಡುಗುತ್ತದೆ, ಆ ಕಾಲುಭಾಗದಲ್ಲಿ ಎಡಬಲ ಸಮ ಇರುವುದೂ ಇಲ್ಲ. ತಂತಿಯ ದಾರಿಯಲ್ಲಿ 33 ಕಿಲೋ ಓಮ್, ಅದರಾಚೆ ಗ್ರೌಂಡಿಗೆ 10 ಕಿಲೋ ಓಮ್, ಚಾನಲ್ಲಿಗೊಂದು ಜೋಡಿ ರೆಸಿಸ್ಟರ್ ಬೆಸೆದರೆ 2 ವೋಲ್ಟ್ ಕಾಲುಭಾಗಕ್ಕಿಂತ ತುಸು ಕಡಿಮೆಗೆ ಇಳಿಯುತ್ತದೆ, ಅಂದರೆ ಸುಮಾರು 0.47 ವೋಲ್ಟಿಗೆ. ಹತ್ತು ರೂಪಾಯಿ ದಾಟದ ಖರ್ಚು, ಕಿವಿ ಮಧ್ಯಕ್ಕೆ ಬಂದು ನಿಲ್ಲುತ್ತದೆ.

ಆಮೇಲೆ ಸುಖ. ಹಳೆಯ ಕನ್ನಡ ಚಿತ್ರಗೀತೆಗಳ ಮೋನೋ ತಟ್ಟೆ ಹಾಕಿ ಮೋನೋ ಗುಂಡಿ ಒತ್ತಿದರೆ ಅರ್ಧ ಕರಕರ ಅಲ್ಲೇ ಸಾಯುತ್ತದೆ, ಏಕೆಂದರೆ ಸೂಜಿ ಮೇಲೆ ಕೆಳಗೆ ಕುಪ್ಪಳಿಸಿದ್ದು ಎರಡೂ ಚಾನಲ್ಲಿನಲ್ಲಿ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಕಳೆಯುತ್ತದೆ. ಮತ್ತೂರು–ಹೊಸಹಳ್ಳಿಯ ಗಮಕದ ರೆಕಾರ್ಡಿಂಗಿಗೆ ಬಾಸ್ ಒಂದು ಗೆರೆ ಇಳಿಸಿ, ಪದದ ಕೊನೆಯ ಅಕ್ಷರ ಬಿಡಿಸಿ ಕೇಳುತ್ತದೆ. ಚಂಡೆಗೆ ಏನನ್ನೂ ಮುಟ್ಟಬೇಡಿ. ಲೌಡ್‌ನೆಸ್ ಗುಂಡಿ ರಾತ್ರಿಯ ಮೆಲುದನಿಗೆ: ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ಮಂದ್ರ ಹೆಚ್ಚು ಸೋರಿಹೋಗುತ್ತದೆ, ಆ ಗುಂಡಿ ಅದನ್ನು ತುಂಬಿಕೊಡುತ್ತದೆ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಅದರ ಆಟ ನಡೆಯದು, ವಾಲ್ಯೂಮನ್ನೇ ಏರಿಸಬೇಕು. ಆಮೇಲೆ ಮಳೆ ಒಮ್ಮೆಲೇ ಹೊಳವಾಗುತ್ತದೆ, ಹಾಡು ಅಂಗಳ ದಾಟಿ ತೋಟಕ್ಕೆ ಇಳಿದಿರುತ್ತದೆ. ರಿಮೋಟ್ ಇಲ್ಲ. ಎದ್ದು ಹೋಗಿ ಕಿವಿ ಹಿಂದಕ್ಕೆ ತಿರುಗಿಸಿ ಬಂದು ಕೂರುವಷ್ಟರಲ್ಲಿ ಮತ್ತೆ ಮಳೆ.