ಬೋಗುಣಿಯ ತಳದ ನೀರು

ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಮಾತು ನನಗೂ ಗೊತ್ತಿದೆ. ಆದ್ದರಿಂದಲೇ ನಿನ್ನೆ ಮಧ್ಯಾಹ್ನ ಸ್ನೇಹಿತರ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಆದರೆ ಉಂಡಿದ್ದರೆ ತಾನೇ ಜಂತೆಯ ಪ್ರಶ್ನೆ? ಮೇಜಿನ ನಡುವೆ ಒಂದು ದೊಡ್ಡ ಗಾಜಿನ ಬೋಗುಣಿಯಿತ್ತು. ಅದರಲ್ಲಿ ಒರಟೊರಟಾಗಿ ಹರಿದು ಹಾಕಿದ ಲೆಟ್ಯೂಸ್ ಎಲೆಗಳು, ಬಿಲ್ಲೆಬಿಲ್ಲೆಯಾಗಿ ಹೆಚ್ಚಿದ ಸೌತೆಕಾಯಿ, ನಾಲ್ಕು ಚೂರು ಮೂಲಂಗಿ, ಮೇಲೆ ಉದುರಿಸಿದ ಬೀಟ್‌ರೂಟ್ ತುರಿ, ಮತ್ತು ತಳದಲ್ಲಿ ಒಂದು ಬೆರಳಿನ ಎತ್ತರಕ್ಕೆ ನಿಂತಿದ್ದ ನಸುಗೆಂಪು ನೀರು. "ವಸಂತ ಬಂತಲ್ಲ, ಇವತ್ತು ಹಗುರವಾಗಿರಲಿ ಎಂದು ಸಲಾಡ್ ಒಂದನ್ನೇ ಮಾಡಿದ್ದೇವೆ" ಎಂದು ಮನೆಯವರು ಸಂಭ್ರಮದಿಂದಲೇ ಹೇಳಿದರು. ನಾವೂ ಸಭ್ಯರಾಗಿ ಬಡಿಸಿಕೊಂಡೆವು. 3 ಗಂಟೆಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆಯಿತು. ಮೂರೂವರೆಗೆ ಡಬ್ಬಿ ಬರಿದಾಯಿತು. ಆಗ, ಬಾಯಿತುಂಬ ಬಿಸ್ಕತ್ತು ತುಂಬಿಕೊಂಡಿದ್ದ ಒಬ್ಬರು ತೀರ್ಪು ಕೊಟ್ಟರು: "ಏನೇ ಹೇಳಿ, ಸಲಾಡ್ ತಿಂದರೆ ಹೊಟ್ಟೆ ತುಂಬುವುದಿಲ್ಲ."

ಎಲ್ಲರೂ ತಲೆಯಾಡಿಸಿದರು. ನಾನು ತಲೆಯಾಡಿಸಲಿಲ್ಲ, ಅಷ್ಟೇ ನನ್ನಿಂದ ಆದ ಪ್ರತಿಭಟನೆ. ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಕಕ್ಕುತ್ತಿದ್ದೇನೆ. ನನ್ನನ್ನು ಬಲ್ಲವರಿಗೆ ಇದೇನೂ ಹೊಸದಲ್ಲ. ಆಲೂಗಡ್ಡೆಯನ್ನು ಅತಿಯಾಗಿ ಬೇಯಿಸುವವರ ಮೇಲೆ ನಾನು ಇಲ್ಲಿಯೇ ಹರಿಹಾಯ್ದದ್ದನ್ನೂ, ಅದು ತನ್ನನ್ನೇ ಕುರಿತ ಮಾತೆಂದು ತಿಳಿದು ಅಕ್ಕ ಎರಡು ದಿನ ಮಾತು ಬಿಟ್ಟದ್ದನ್ನೂ ನೀವು ಮರೆತಿರಲಾರಿರಿ. ಈ ಸಲ ಅಕ್ಕನಿಗೂ ಈ ಬರಹಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಕರಾರು ಇಷ್ಟೇ: ಹೊಟ್ಟೆ ತುಂಬುವಂಥದ್ದನ್ನು ಏನೂ ಹಾಕದೆ ಮಾಡಿದ ಪದಾರ್ಥವನ್ನು ತಿಂದು, ಹೊಟ್ಟೆ ತುಂಬಲಿಲ್ಲವೆಂದು ಆ ಪದಾರ್ಥದ ಜಾತಿಯನ್ನೇ ಬೈಯುವುದು ಯಾವ ನ್ಯಾಯ? ಲೆಟ್ಯೂಸ್ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. 100 ಗ್ರಾಂ ತಿಂದರೆ ಸಿಗುವುದು ಹೆಚ್ಚುಕಡಿಮೆ 15 ಕ್ಯಾಲರಿ. ಸೌತೆಕಾಯಿಯ ಕಥೆಯೂ ಅದೇ. ನಿನ್ನೆಯ ಬೋಗುಣಿಯಿಂದ ನಾನು ಎರಡು ಸಲ ಬಡಿಸಿಕೊಂಡರೂ ಹೊಟ್ಟೆಗೆ ಹೋದದ್ದು ಒಂದೆರಡು ಬಿಸ್ಕತ್ತಿನಷ್ಟು ಶಕ್ತಿ. ಹಾಗಾಗಿ 3 ಗಂಟೆಗೆ ಡಬ್ಬಿ ತೆರೆದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅಷ್ಟು ಹೊತ್ತು ತಡೆದುಕೊಂಡದ್ದೇ ಆಶ್ಚರ್ಯ. ಅದೇ ಬೋಗುಣಿಗೆ ತಲೆಗೊಂದು ಬಟ್ಟಲಿನಂತೆ ಬೆಂದ ಕಾಬೂಲಿ ಕಡಲೆಯನ್ನು ಹಾಕಿದ್ದರೆ ಪ್ರತಿಯೊಬ್ಬರಿಗೂ ಸುಮಾರು 14 ಗ್ರಾಂ ಪ್ರೊಟೀನು, 12 ಗ್ರಾಂ ನಾರು ಸಿಗುತ್ತಿತ್ತು. ಒಂದೊಂದು ಬೆಂದ ಮೊಟ್ಟೆ ಸೇರಿದ್ದರೆ ಇನ್ನೂ 6 ಗ್ರಾಂ ಪ್ರೊಟೀನು. ಒಂದು ಹಿಡಿ ಹುರಿದ ಬಾದಾಮಿಯಿಂದ ಅಷ್ಟೇ ಮತ್ತೊಮ್ಮೆ. ಪ್ರೊಟೀನು, ನಾರು, ಕೊಬ್ಬು ಈ ಮೂರೂ ಸೇರಿದ ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ತೃಪ್ತಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಈ ನಿಧಾನವೇ. ಬರಿಯ ಎಲೆಗೆ ಆ ಶಕ್ತಿಯಿಲ್ಲ, ಇದೆಯೆಂದು ಅದು ಹೇಳಿಕೊಂಡದ್ದೂ ಇಲ್ಲ.

ಇದರಲ್ಲಿ ಹೆಚ್ಚು ನೋಯಿಸುವ ಸಂಗತಿಯೆಂದರೆ, ಈ ಅಪಚಾರ ನಡೆಯುವುದು ವಸಂತದಲ್ಲಿ. ವರ್ಷದ ಉಳಿದ ದಿನಗಳಲ್ಲಿ ತರಕಾರಿಯನ್ನು ಒಗ್ಗರಣೆ, ಮಸಾಲೆಗಳಿಂದ ಎತ್ತಿ ನಿಲ್ಲಿಸಬೇಕಾಗುತ್ತದೆ. ಈ ಕೆಲವು ವಾರಗಳಲ್ಲಿ ಮಾತ್ರ ಅದು ತಾನೇ ಎದ್ದು ನಿಂತಿರುತ್ತದೆ. ಎಳೆ ಬಟಾಣಿಯನ್ನು ಸಿಪ್ಪೆ ಸುಲಿಯುತ್ತ ಹಸಿಯಾಗಿ ತಿಂದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತು. ಆ ಸಿಹಿ ಬಹಳ ಹೊತ್ತು ನಿಲ್ಲುವಂಥದ್ದಲ್ಲ. ಕಾಯಿ ಬಳ್ಳಿಯಿಂದ ಬಿಟ್ಟ ಗಳಿಗೆಯಿಂದಲೇ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಆದ್ದರಿಂದ ಇಂದು ಬಿಡಿಸಿದ ಬಟಾಣಿಗೂ ನಾಲ್ಕು ದಿನ ಹೊರಗೆ ಬಿದ್ದಿದ್ದ ಬಟಾಣಿಗೂ ಹೆಸರೊಂದೇ ಸಮಾನ. ಆಸ್ಪರಾಗಸ್ ಚಿಗುರಿನದೂ ಇದೇ ಹಾಡು: ಕತ್ತರಿಸಿದ ಮೇಲೂ ಅದು ಉಸಿರಾಡುತ್ತ ತನ್ನ ಸಿಹಿಯನ್ನು ತಾನೇ ತಿಂದುಹಾಕುತ್ತದೆ, ಬುಡದಿಂದ ಮೇಲಕ್ಕೆ ನಾರಾಗುತ್ತ ಹೋಗುತ್ತದೆ. ಬಿಸಿಲು ಏರಿದರೆ ಲೆಟ್ಯೂಸ್ ಹೂದಂಟು ಎತ್ತಿ ಕಹಿಯಾಗುತ್ತದೆ, ಮೂಲಂಗಿ ಖಾರವೇರಿ ಬೆಂಡಾಗುತ್ತದೆ. ಪಾಲಕ್, ಈರುಳ್ಳಿ ಸೊಪ್ಪು, ಪುದೀನ, ಉಗುರಿನಿಂದ ಉಜ್ಜಿದರೆ ಸಿಪ್ಪೆ ಬಿಡುವ ಹೊಸ ಆಲೂಗಡ್ಡೆ, ಕೊನೆಯಲ್ಲಿ ಸ್ಟ್ರಾಬೆರಿ, ಇಷ್ಟೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ನಿಂತಿರುವಾಗ ನಾವು ಅವನ್ನು ನೀರಿನಲ್ಲಿ ಮುಳುಗಿಸಿ, "ಹಗುರ" ಎಂಬ ಹೆಸರಿಟ್ಟು ಸಂಸ್ಕಾರ ಮುಗಿಸುತ್ತೇವೆ.

ನೀರಿನ ಮಾತು ಬಂತಲ್ಲ, ಅದನ್ನು ಪೂರ್ತಿ ಹೇಳಿಬಿಡುತ್ತೇನೆ, ಏಕೆಂದರೆ ನಿನ್ನೆಯಿಂದ ಕಣ್ಣು ಮುಚ್ಚಿದರೆ ಆ ನಸುಗೆಂಪು ನೀರೇ ಕಾಣುತ್ತಿದೆ. ಅದು ಬರುವುದು ಎರಡು ದಾರಿಯಿಂದ. ಒಂದು, ತೊಳೆದ ಎಲೆಯನ್ನು ಒಣಗಿಸದೆ ಹಾಗೆಯೇ ಬೋಗುಣಿಗೆ ಸುರಿಯುವುದು. ಒದ್ದೆ ಎಲೆಗೆ ಎಣ್ಣೆ ಅಂಟುವುದಿಲ್ಲ. ನೀವು ಎಷ್ಟೇ ಪ್ರೀತಿಯಿಂದ ಎಣ್ಣೆ, ಹುಳಿ ಕಲಸಿದ ಡ್ರೆಸ್ಸಿಂಗ್ ಮಾಡಿ ಸುರಿದರೂ ಅದು ಜಾರಿ ತಳ ಸೇರುತ್ತದೆ, ಮೇಲಿನವರಿಗೆ ಸಪ್ಪೆ ಸೊಪ್ಪು, ಕೊನೆಯಲ್ಲಿ ಬಡಿಸಿಕೊಂಡವರಿಗೆ ಹುಳಿ ನೀರು. ಇನ್ನೊಂದು ದಾರಿ ಉಪ್ಪಿನದು. ಹೆಚ್ಚಿದ ತರಕಾರಿಗೆ ಉಪ್ಪು ಬಿದ್ದೊಡನೆ ಜೀವಕೋಶಗಳೊಳಗಿನ ನೀರು ಹೊರಗೆ ಬರತೊಡಗುತ್ತದೆ. ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟರೆ ಸೌತೆಕಾಯಿ ತನ್ನ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟಿರುತ್ತದೆ. ಹಾಗೆಂದು ಉಪ್ಪನ್ನೇ ಬಿಡಲಾಗದು. ಸಲಾಡ್ ಎಂಬ ಪದ ಹುಟ್ಟಿದ್ದೇ ಲ್ಯಾಟಿನ್ ಭಾಷೆಯಲ್ಲಿ ಉಪ್ಪಿಗಿರುವ 'ಸಾಲ್' ಎಂಬ ಪದದಿಂದ. ಉಪ್ಪು ಹಚ್ಚಿದ್ದು ಎಂಬುದೇ ಅದರ ಮೂಲಾರ್ಥ. ಮಾಡಬೇಕಾದದ್ದು ಹೊತ್ತನ್ನು ಅರಿಯುವುದು. ಸೌತೆಕಾಯಿ, ಮೂಲಂಗಿಗಳಿಗೆ ಮೊದಲೇ ಉಪ್ಪು ಸವರಿ ಜರಡಿಯ ಬುಟ್ಟಿಯಲ್ಲಿ ಕಾಲು ಗಂಟೆ ಇಟ್ಟು, ಇಳಿದ ನೀರನ್ನು ಚೆಲ್ಲಿ, ಆಮೇಲೆ ಸೇರಿಸುವುದು. ಎಲೆಗೆ ಮಾತ್ರ ಉಪ್ಪು ಬೀಳುವುದು ಎಲ್ಲರೂ ಊಟಕ್ಕೆ ಕುಳಿತ ಮೇಲೆ.

ಎಲೆಯನ್ನು ಒಣಗಿಸುವುದಕ್ಕೆ ಯಂತ್ರ ಬೇಕಿಲ್ಲ. ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಸೊಪ್ಪನ್ನು ಸಡಿಲವಾಗಿ ಕಟ್ಟಿ, ನಾಲ್ಕೂ ತುದಿಗಳನ್ನು ಒಟ್ಟಿಗೆ ಹಿಡಿದು ಕವಣೆಯಂತೆ ಹತ್ತು ಸುತ್ತು ಬೀಸಿದರೆ ಸಾಕು. ಗೋಡೆ ಒದ್ದೆಯಾಗುತ್ತದೆ, ಮನೆಯವರು ನಗುತ್ತಾರೆ, ಎಲೆ ಒಣಗುತ್ತದೆ. ಇದು ನನ್ನ ಆವಿಷ್ಕಾರವಲ್ಲ. ಇಂಗ್ಲೆಂಡಿನ ಜಾನ್ ಈವ್ಲಿನ್ ಎಂಬಾತ 1699ರಲ್ಲಿ ಸಲಾಡ್ ಕುರಿತೇ ಒಂದು ಇಡೀ ಪುಸ್ತಕ ಬರೆದು, ತೊಳೆದ ಸೊಪ್ಪನ್ನು ಬಸಿದು ಬಟ್ಟೆಯಲ್ಲಿ ಬೀಸಬೇಕೆಂದು ಅದರಲ್ಲಿ ಹೇಳಿಹೋಗಿದ್ದಾನೆ. ಮುನ್ನೂರು ವರ್ಷ ಮೀರಿದರೂ ಸುದ್ದಿ ನಿನ್ನೆಯ ಮನೆಯನ್ನು ತಲುಪಿಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಇನ್ನೊಂದು ಮೆಟ್ಟಿಲು ಏರುತ್ತದೆ. ನಿನ್ನೆ ಡ್ರೆಸ್ಸಿಂಗ್ ಎಂದು ಇದ್ದದ್ದು ಬರಿಯ ನಿಂಬೆರಸ. "ಒಂದು ಹನಿ ಎಣ್ಣೆ ಹಾಕಿಲ್ಲ" ಎಂದು ಅದನ್ನು ಹೆಮ್ಮೆಯಿಂದ ಬೇರೆ ಹೇಳಿದರು. ಕ್ಯಾರೆಟ್, ಪಾಲಕ್, ಲೆಟ್ಯೂಸ್‌ಗಳಲ್ಲಿರುವ ಕೆರೊಟಿನಾಯ್ಡ್‌ಗಳು ಎಂಬ ಪೋಷಕ ಬಣ್ಣಗಳು ಕೊಬ್ಬಿನಲ್ಲಿ ಕರಗುವಂಥವು. ಜೊತೆಗೆ ಕೊಬ್ಬು ಇಲ್ಲದಿದ್ದರೆ ದೇಹ ಅವನ್ನು ಹೀರಿಕೊಳ್ಳುವುದು ತೀರ ಕಡಿಮೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಒಂದೇ ಬಗೆಯ ಸಲಾಡನ್ನು ಎಣ್ಣೆಯಿಲ್ಲದೆ, 6 ಗ್ರಾಂ ಎಣ್ಣೆಯೊಂದಿಗೆ, 28 ಗ್ರಾಂ ಎಣ್ಣೆಯೊಂದಿಗೆ ಕೊಟ್ಟು ನೋಡಿದಾಗ, ಎಣ್ಣೆಯಿಲ್ಲದ ಸಲಾಡಿನಿಂದ ಇವು ರಕ್ತ ಸೇರಿದ್ದು ಇಲ್ಲವೆಂಬಷ್ಟು ಕಡಿಮೆ. ಅಂದರೆ ಕ್ಯಾರೆಟ್ಟನ್ನು ಕಷ್ಟಪಟ್ಟು ಅಗಿದದ್ದು ಬಹುಪಾಲು ದವಡೆಯ ವ್ಯಾಯಾಮಕ್ಕಾಯಿತು. ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ, ಅರ್ಧ ಚಮಚ ಅರೆದ ಸಾಸಿವೆ, ಚಿಟಿಕೆ ಉಪ್ಪು, ಇವನ್ನು ಒಂದು ಸಣ್ಣ ಬಾಟಲಿಗೆ ಹಾಕಿ ಅರ್ಧ ನಿಮಿಷ ಕುಲುಕಿದರೆ ಎಣ್ಣೆ, ಹುಳಿಗಳ ಹಗೆ ಮರೆತುಹೋಗಿ ಗಟ್ಟಿಯಾದ ಹಳದಿ ರಸವಾಗುತ್ತದೆ. ಸಾಸಿವೆ ಅಲ್ಲಿರುವುದು ಖಾರಕ್ಕಲ್ಲ, ಸಂಧಾನಕ್ಕೆ.

ನನಗೇನೋ ಪುರುಸೊತ್ತಿದೆ, ಎಲ್ಲರಿಗೂ ಎಲ್ಲಿರುತ್ತದೆ ಎಂದು ಕೆಲವರು ಕೇಳುತ್ತೀರಿ. ಕೇಳುವವರ ಹೆಸರನ್ನೂ ನಾನು ಈಗಲೇ ಹೇಳಬಲ್ಲೆ. ವಾರಕ್ಕೊಮ್ಮೆ ಕಡಲೆಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಧಾರಾಳವಾಗಿ ಬರುತ್ತದೆ. ಸೊಪ್ಪು ತೊಳೆದು ಬೀಸುವುದಕ್ಕೆ 5 ನಿಮಿಷ. ಬಿಸ್ಕತ್ತಿನ ಡಬ್ಬಿ ತೆರೆಯುವುದಕ್ಕೆ ಇದಕ್ಕಿಂತ ಕಡಿಮೆ ಹೊತ್ತು ಸಾಕು ಎಂಬುದನ್ನು ಒಪ್ಪುತ್ತೇನೆ. (ಅವಸರದಲ್ಲಿ ರಾಜ್ಮಾವನ್ನು ಬರೀ ನೆನೆಸಿ ಹಸಿಯಾಗಿ ಹಾಕುವ ಸಾಹಸ ಮಾತ್ರ ಬೇಡ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೊಟೀನು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಸುತ್ತದೆ. ಅದನ್ನು ಕೊತಕೊತ ಕುದಿಸಿ ಪೂರ್ತಿ ಬೇಯಿಸಲೇಬೇಕು.)

ಇನ್ನೊಂದು ವಾದವಿದೆ, ಅದು ಮಾತ್ರ ನನ್ನನ್ನು ಸ್ವಲ್ಪ ಚುಚ್ಚುತ್ತದೆ: ಸಲಾಡ್ ಮಾಡುವುದೇ ಕಡಿಮೆ ತಿನ್ನಲೆಂದು, ಅದಕ್ಕೆ ಕಡಲೆ, ಮೊಟ್ಟೆ, ಎಣ್ಣೆ ಎಲ್ಲವನ್ನೂ ಸುರಿದರೆ ಉದ್ದೇಶವೇ ಕೆಟ್ಟಂತಲ್ಲವೇ ಎಂಬುದು. ಇದಕ್ಕೆ ಉತ್ತರವಾಗಿ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ, ಇಂಥದೇ ವಸಂತದಲ್ಲಿ, ತೂಕ ಇಳಿಸುವ ಹಟಕ್ಕೆ ಬಿದ್ದು 11 ದಿನ ರಾತ್ರಿಯ ಊಟಕ್ಕೆ ಬರಿಯ ಸೊಪ್ಪು ತಿಂದೆ. ಎಣ್ಣೆ ಇಲ್ಲ, ಕಾಳು ಇಲ್ಲ, ತಳದಲ್ಲಿ ನೀರು ಧಾರಾಳ. ನನ್ನ ಶಿಸ್ತನ್ನು ಕಂಡು ನನಗೇ ಗೌರವ ಬಂದಿತ್ತು. ಹನ್ನೆರಡನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ, ದೀಪವನ್ನೂ ಹಾಕದೆ, ಫ್ರಿಜ್ಜಿನ ಬೆಳಕಿನಲ್ಲೇ ನಿಂತುಕೊಂಡು ಅರ್ಧ ಪೌಂಡು ಬ್ರೆಡ್ಡನ್ನು ಬೆಣ್ಣೆ ಸವರಿ ತಿಂದು ಮುಗಿಸಿದೆ. ಬೆಳಿಗ್ಗೆ ಬ್ರೆಡ್ ಏನಾಯಿತೆಂದು ಕೇಳಿದಾಗ ಬೂಷ್ಟು ಬಂದಿತ್ತು, ಎಸೆದೆ ಎಂದು ಸುಳ್ಳು ಹೇಳಿದೆ. ಈ ಸುಳ್ಳು ಇವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ 11 ದಿನ ನಾನೂ ಕೂಡ, ಕೇಳಿದವರಿಗೆಲ್ಲ, ಸಲಾಡ್ ತಿಂದರೆ ಹೊಟ್ಟೆ ತುಂಬುವುದಿಲ್ಲ ಎಂದೇ ಹೇಳಿಕೊಂಡು ತಿರುಗಿದ್ದೆ. ನಿನ್ನೆ ಆ ಮಾತು ಅಷ್ಟು ಉರಿಯಲು ಅದು ನನ್ನದೇ ಹಳೆಯ ಮಾತು ಎಂಬುದೂ ಒಂದು ಕಾರಣವಿರಬೇಕು.

ನಿನ್ನೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ನುಗ್ಗಿದೆ. ಸಣ್ಣ ಹೊಸ ಆಲೂಗಡ್ಡೆಗಳನ್ನು ತಣ್ಣೀರಿನಲ್ಲಿಟ್ಟು ಉಪ್ಪು ಹಾಕಿ ಬೇಯಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಎರಡಾಗಿ ಸೀಳಿ, ಡ್ರೆಸ್ಸಿಂಗಿನ ಅರ್ಧವನ್ನು ಅವುಗಳ ಮೇಲೆ ಸುರಿದೆ. ಬಿಸಿ ಆಲೂಗಡ್ಡೆ ರಸವನ್ನು ಕುಡಿಯುತ್ತದೆ. ಆರಿದ್ದು ಬರೀ ಮೈಗೆ ಬಳಿದುಕೊಳ್ಳುತ್ತದೆ. ಅದೇ ಕುದಿನೀರಿಗೆ ಬಟಾಣಿಯನ್ನು ಒಂದೇ ನಿಮಿಷ ಹಾಕಿ ತೆಗೆದು ಐಸ್ ನೀರಿಗೆ ಇಳಿಸಿದೆ. ಆ ಒಂದು ನಿಮಿಷದಲ್ಲಿ ಕಾಳಿನ ಮಂಕು ಹಸಿರು ಕಣ್ಣೆದುರಿಗೇ ಹೊಳೆಯುವ ಹಸಿರಾಗುವುದನ್ನು ನೋಡಲೆಂದೇ ನಾನು ಪ್ರತಿಸಲ ಪಾತ್ರೆಯ ಮೇಲೆ ಬಗ್ಗಿ ನಿಂತು ಕನ್ನಡಕಕ್ಕೆ ಹಬೆ ಹಿಡಿಸಿಕೊಳ್ಳುತ್ತೇನೆ. ಹುಳಿ ತಗುಲಿದರೆ ಈ ಹಸಿರು ಉಳಿಯದು: ಪತ್ರಹರಿತ್ತಿನ ನಡುವಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ಪಾಚಿಗೆ ತಿರುಗುತ್ತದೆ. ಆದ್ದರಿಂದ ಬಟಾಣಿಗೂ ನಿಂಬೆರಸಕ್ಕೂ ಭೇಟಿ ಕೊಟ್ಟಕೊನೆಯಲ್ಲಿ. ಬೆಂದ ಕಡಲೆ, ಬೀಸಿ ಒಣಗಿಸಿದ ಪಾಲಕ್, ಉಪ್ಪಿನಲ್ಲಿ ನೀರಿಳಿಸಿದ ಮೂಲಂಗಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಕೈಯಲ್ಲೇ ಹರಿದ ಪುದೀನ, ಜಜ್ಜಿದ ಹುರಿದ ಬಾದಾಮಿ, ಮೇಲೆ 7 ನಿಮಿಷ ಬೇಯಿಸಿದ ಮೊಟ್ಟೆ, ಅದರ ನಡುವಿನ ಹಳದಿ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಸ್ಟ್ರಾಬೆರಿಯನ್ನು ಹಾಕಬೇಕೆಂದಿದ್ದೆ. ಪಾಲಕ್‌ನ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಅದರ ಸಿ ವಿಟಮಿನ್ ನೆರವಾಗುತ್ತದೆ ಎಂಬುದು ನೆಪ. ಹೆಚ್ಚುತ್ತಿರುವಾಗಲೇ ನಾನು ಅದನ್ನು ತಿಂದು ಮುಗಿಸಿದ್ದೆ.

8 ಗಂಟೆಗೆ ಊಟವಾಯಿತು. ಬೋಗುಣಿಯ ತಳವನ್ನು ಬೇಕೆಂದೇ ಬೆಳಕಿಗೆ ಎತ್ತಿ ಹಿಡಿದು ನೋಡಿದೆ. ಎಣ್ಣೆಯ ತೆಳುವಾದ ಪಸೆ, ಎರಡು ಬಟಾಣಿ, ಅಷ್ಟೇ. 11 ಗಂಟೆಗೆ ಅಡುಗೆಮನೆಗೆ ಹೋದದ್ದು ನೀರು ಕುಡಿಯುವುದಕ್ಕೆ ಮಾತ್ರ. ಇದಕ್ಕೆ ಮನೆಯವರೇ ಸಾಕ್ಷಿ, ಬ್ರೆಡ್ ಕೂಡ ಇದ್ದಲ್ಲೇ ಇದೆ.

ಇದನ್ನು ಬರೆಯುತ್ತಿರುವಾಗ ನಿನ್ನೆಯ ಮನೆಯಿಂದಲೇ ಕರೆ ಬಂತು. ಮುಂದಿನ ಭಾನುವಾರ ಎಲ್ಲರೂ ಒಂದೊಂದು ಪದಾರ್ಥ ತರುವುದೆಂದು ತೀರ್ಮಾನವಾಗಿದೆಯಂತೆ, ನೀವೇನು ತರುತ್ತೀರಿ ಎಂದು ಕೇಳಿದರು. ಸಲಾಡ್ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಹಳ ಮೃದುವಾಗಿ ಹೇಳಿದರು: "ಹಾಗಾದರೆ ಬಿಸ್ಕತ್ತು ನಾವೇ ತಂದಿಟ್ಟಿರುತ್ತೇವೆ ಬಿಡಿ."