ನಲವತ್ತೈದರ ಮೇಲೆ ಬಸ್ಕಿ

ಹೋದ ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ, ಬಾಗಿಲು ತೆಗೆದ ಅಮ್ಮ ಪ್ರಯಾಣ ಹೇಗಿತ್ತು ಅಂತ ಕೇಳಲೇ ಇಲ್ಲ. "ಏನೋ ಇದು, ಇಷ್ಟೊಂದು ಸೊರಗಿದೀಯ, ಶುಗರ್ ಏನಾದ್ರೂ ಬಂತಾ?" ಅಂದರು. ಸಂಜೆ ಬಂದ ಚಿಕ್ಕಮ್ಮನದೂ ಅದೇ ಪ್ರಶ್ನೆ. ಮೂಲೆ ಅಂಗಡಿಯವರು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಸಕ್ಕರೆ ಪೊಟ್ಟಣ ಕೊಡುವಾಗ ಒಂದು ಥರಾ ನೋಡಿದರು. ನಮ್ಮಲ್ಲಿ ನಲವತ್ತೆಂಟರ ಗಂಡಸು ಎಂಟು ಕೇಜಿ ಇಳಿದರೆ ಒಂದೋ ಕಾಯಿಲೆ, ಇಲ್ಲಾ ಸಾಲ. ಬೇಕು ಅಂತಲೇ ಇಳಿಸಿದೆ ಅಂದರೆ ಯಾರೂ ನಂಬುವುದಿಲ್ಲ.

ಶುಗರ್ ಬಂದಿಲ್ಲ. ಬರುವ ದಾರಿಯಲ್ಲಿತ್ತು ಅನ್ನುವುದು ಮಾತ್ರ ನಿಜ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ 35 ದಾಟಿದವರಿಗೆ ಮೂರು ವರ್ಷಕ್ಕೊಮ್ಮೆ ವಿಮೆಯ ಲೆಕ್ಕದಲ್ಲೇ ಒಂದು ಚೆಕಪ್ ಇದೆ. 2022ರಲ್ಲಿ ಮಾಡಿಸಿದೆ. ಖಾಲಿ ಹೊಟ್ಟೆಯ ಸಕ್ಕರೆ 112 ಬಂತು. 100ರ ಒಳಗಿರಬೇಕು, 126 ಆದರೆ ಕಾಯಿಲೆ ಅಂತಲೇ ಹೆಸರು. ಸೊಂಟದ ಸುತ್ತಳತೆ 101 ಸೆಂಟಿಮೀಟರ್. ಭಾರತದ ಗಂಡಸರಿಗೆ 90 ದಾಟಿದರೇ ಎಚ್ಚರ ಇರಬೇಕಂತೆ, ನಮ್ಮ ಮೈಯ ಜಾಯಮಾನವೇ ಹಾಗೆ, ಕೈಕಾಲು ಸಣ್ಣ ಇದ್ದು ಹೊಟ್ಟೆಯೊಳಗೇ ಕೊಬ್ಬು ಕೂರುತ್ತದೆ. ಡಾಕ್ಟರಮ್ಮ ಮಾತ್ರೆ ಬರೆಯಲಿಲ್ಲ. "ಆಫೀಸಿಗೆ ಹೇಗೆ ಹೋಗ್ತೀರಿ?" ಅಂದರು. ಕಾರಲ್ಲಿ ಅಂದೆ. ಅದನ್ನು ಬರೆದುಕೊಂಡರು, ಒಂದು ರೋಗಲಕ್ಷಣ ಬರೆದುಕೊಳ್ಳುವ ಹಾಗೆ.

ಸ್ಟುಟ್‌ಗಾರ್ಟ್ ಒಂದು ಬಾಣಲೆ ಇದ್ದ ಹಾಗೆ. ಪೇಟೆ ತಳದಲ್ಲಿ, ಮನೆಗಳು ಸುತ್ತಲಿನ ಗುಡ್ಡದ ಮೈಮೇಲೆ. ಹಿಂದೆ ಆ ಗುಡ್ಡಗಳಲ್ಲಿ ದ್ರಾಕ್ಷಿ ತೋಟಗಳಿದ್ದವು, ಈಗಲೂ ಕೆಲವು ಇವೆ. ಆ ತೋಟಗಳಿಗೆ ಹತ್ತಿಳಿಯಲು ಮಾಡಿದ ಕಲ್ಲಿನ ಮೆಟ್ಟಿಲುಗಳೇ ಊರು ಬೆಳೆದ ಮೇಲೆ ಓಣಿಗಳಾದವು. ಅವುಗಳನ್ನು ಇಲ್ಲಿನವರು ಶ್ಟೆಫೆಲೆ ಅನ್ನುತ್ತಾರೆ. ಅಂಥ ಮೆಟ್ಟಿಲು ಸಾಲು 400ಕ್ಕೂ ಹೆಚ್ಚಿವೆ, ಎಲ್ಲ ಸೇರಿಸಿದರೆ ಇಪ್ಪತ್ತು ಕಿಲೋಮೀಟರ್ ಮೇಲಾಗುತ್ತದೆ. ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ತುಂಡು ತುಂಡು ಮಾಡಿ ಊರ ತುಂಬ ಹಂಚಿದ ಹಾಗೆ ಅಂದುಕೊಳ್ಳಿ. ಕಾರು ಬಿಟ್ಟು ಟ್ರೇನ್ ಹಿಡಿದೆ, ಎರಡು ಸ್ಟಾಪ್ ಮೊದಲೇ ಇಳಿದು ಮೆಟ್ಟಿಲು ಹತ್ತಿ ಮನೆಗೆ ಬರತೊಡಗಿದೆ. ಮೊದಲ ವಾರ ಅರ್ಧಕ್ಕೆ ನಿಂತು ಫೋನ್ ನೋಡುವ ನಾಟಕ ಮಾಡುತ್ತಿದ್ದೆ. ಪಕ್ಕದಲ್ಲೇ ಎಂಬತ್ತರ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು "ಹಲೋ" ಅಂತ ಹತ್ತಿಕೊಂಡು ಹೋಗುತ್ತಿದ್ದರು.

ಇಲ್ಲಿ ನಡೆಯುವುದಕ್ಕೆ ಅಂತ ಬೇರೆ ಹೊತ್ತು ಬೇಕಾಗಲಿಲ್ಲ, ಮನೆಗೆ ಬರುವುದೇ ನಡಿಗೆ. ನಮ್ಮಲ್ಲಿ 'ವಾಕಿಂಗ್' ಅನ್ನುವುದೇ ಒಂದು ಕಾರ್ಯಕ್ರಮ. ನಮ್ಮ ಭಾವ ದಿನಾ ಬೆಳಿಗ್ಗೆ ಸ್ಕೂಟರ್ ತೆಗೆದು ಎರಡು ಕಿಲೋಮೀಟರ್ ಹೋಗಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹೊಡೆದು, ಮತ್ತೆ ಸ್ಕೂಟರಲ್ಲಿ ಬರುತ್ತಾರೆ. ಮೊದಲೆಲ್ಲ ನಾನು ನಗುತ್ತಿದ್ದೆ. ಹೋದ ಸಲ ಆ ಎರಡು ಕಿಲೋಮೀಟರನ್ನು ನಡೆದೇ ನೋಡಿದೆ. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದನ್ನು ಬಳಸಿ ಹೋದರೆ ನಿಲ್ಲಿಸಿದ ನಾಲ್ಕು ಬೈಕು, ಆಮೇಲೆ ಚಪ್ಪಡಿ ಎದ್ದ ಮೋರಿ, ಆಮೇಲೆ ನನ್ನನ್ನು ಇಷ್ಟಪಡದ ಒಂದು ನಾಯಿ. ಭಾವ ಮಾಡುವುದೇ ಸರಿ. ನಮ್ಮ ಜನಕ್ಕೆ ನಡೆಯುವ ಮನಸ್ಸಿಲ್ಲ ಅಂತ ಹೊರಗೆ ಕೂತು ಬೈಯುವ ನನ್ನಂಥವರು ಒಂದು ಸಲ ಅವರ ರಸ್ತೆಯಲ್ಲಿ ನಡೆಯಬೇಕು. ಬೆಂಗಳೂರಿನ ಕಥೆ ಹೇಳುವುದೇ ಬೇಡ, ಅಲ್ವಾ? ಲಾಲ್‌ಬಾಗ್ ಒಳಗೆ ಸ್ವರ್ಗ, ಗೇಟು ದಾಟಿದರೆ ದೇವರೇ ಗತಿ.

ಹತ್ತು ಸಾವಿರ ಹೆಜ್ಜೆಯ ಹುಚ್ಚೂ ನನಗೆ ಹಿಡಿದಿತ್ತು. ರಾತ್ರಿ ಹತ್ತೂ ಮುಕ್ಕಾಲಿಗೆ ವಾಚಿನಲ್ಲಿ 9,400 ಇದ್ದರೆ ಹಾಲಿನಲ್ಲೇ ಸೋಫಾ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ಮಗಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಗೊತ್ತಾಯಿತು, ಆ ಸಂಖ್ಯೆ ಬಂದಿದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರುವವರು ಇಟ್ಟ ಹೆಸರಿಗೆ ನಾನು ಸೋಫಾ ಸುತ್ತುತ್ತಿದ್ದೆ. ಈಗ ಲೆಕ್ಕ ಬಿಟ್ಟಿದ್ದೇನೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯುವುದನ್ನು ಮಾತ್ರ ಬಿಟ್ಟಿಲ್ಲ. ಅನ್ನ ತಿಂದ ಮೇಲೆ ಏರುವ ಸಕ್ಕರೆಯನ್ನು ಅದು ತಗ್ಗಿಸುತ್ತದೆ. 'ಉಂಡು ನೂರಡಿ ಇಟ್ಟು' ಅಂತ ನಮ್ಮವರು ಹೇಳುತ್ತಿದ್ದುದೂ ಅದನ್ನೇ. ನೂರು ಸಾಲದು, ಅಷ್ಟೇ.

ಎಂಟು ತಿಂಗಳಲ್ಲಿ ಐದು ಕೇಜಿ ಇಳಿಯಿತು, ಅಲ್ಲಿಗೆ ನಿಂತಿತು. ಗೆದ್ದೆ ಅಂದುಕೊಂಡು ಊರಿಗೆ ಹೊರಟೆ. ನಮ್ಮ ಬ್ಯಾಗಿನ ಕಥೆ ಹೊರನಾಡಿನವರಿಗೆಲ್ಲ ಗೊತ್ತಿರುವುದೇ. 23 ಕೇಜಿ ಅಂದರೆ 22.9 ತುಂಬಿಸುತ್ತೇವೆ. ಹೋಗುವಾಗ ಚಾಕೊಲೇಟ್, ಬರುವಾಗ ಸಾರಿನಪುಡಿ, ಹಪ್ಪಳ. ಆ ಬ್ಯಾಗನ್ನು ಕಾರಿನ ಡಿಕ್ಕಿಗೆ ಎತ್ತಿಡಲು ಬಗ್ಗಿದೆ ನೋಡಿ, ಸೊಂಟ ಹಿಡಿದುಕೊಂಡಿತು. ದಿನಾ ಹತ್ತು ಸಾವಿರ ಹೆಜ್ಜೆ ಹಾಕುವವನು ಒಂದು ಬ್ಯಾಗ್ ಎತ್ತಲಾರದೆ ವಿಮಾನದಲ್ಲಿ ಹತ್ತು ಗಂಟೆ ವಕ್ರವಾಗಿ ಕೂತಿದ್ದೆ.

ವಾಪಸ್ ಬಂದ ಮೇಲೆ ಫಿಸಿಯೋಥೆರಪಿಯವನು ಬಿಡಿಸಿ ಹೇಳಿದ. ನಡಿಗೆ ಎದೆಗೆ, ಸಕ್ಕರೆಗೆ, ತಲೆಗೆ ಒಳ್ಳೆಯದು. ಆದರೆ ಮೂವತ್ತು ದಾಟಿದ ಮೇಲೆ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಸ್ವಲ್ಪ ಸ್ವಲ್ಪ ಕರಗುತ್ತದೆ, ಅರವತ್ತರ ಮೇಲೆ ಜಾಸ್ತಿ ಬೇಗ ಕರಗುತ್ತದೆ, ಭಾರ ಕೊಡದೆ ಅದು ಉಳಿಯುವುದಿಲ್ಲ. ಊಟದ ಸಕ್ಕರೆ ಹೋಗಿ ಸೇರುವ ದೊಡ್ಡ ಉಗ್ರಾಣವೂ ಅದೇ ಸ್ನಾಯು. ವಿಶ್ವ ಆರೋಗ್ಯ ಸಂಸ್ಥೆಯೂ ವಾರಕ್ಕೆ 150 ನಿಮಿಷ ನಡಿಗೆಯಂಥದ್ದು ಅಂದ ಮೇಲೆ ಅಲ್ಲಿಗೇ ನಿಲ್ಲಿಸಿಲ್ಲ, ಕನಿಷ್ಠ ಎರಡು ದಿನ ಸ್ನಾಯುವಿಗೆ ಕೆಲಸ ಕೊಡಿ ಅಂದಿದೆ. ನಾವು ಮೊದಲರ್ಧ ಓದಿ ಪುಸ್ತಕ ಮುಚ್ಚಿದ್ದೇವೆ.

ಜಿಮ್ ನನಗೆ ಹೊಸದೇನಲ್ಲ. ಅಂದರೆ, ದುಡ್ಡು ಕಟ್ಟುವುದು ಹೊಸದಲ್ಲ. 2018ರಲ್ಲಿ ನಮ್ಮ ಬಡಾವಣೆಯ ಒಂದು ಜಿಮ್‌ಗೆ ಸೇರಿದ್ದೆ. ಎರಡು ವರ್ಷದ ಕರಾರು. ಆರು ಸಲ ಹೋಗಿರಬಹುದು. ಬಿಡುವುದಿದ್ದರೆ ಮೂರು ತಿಂಗಳು ಮೊದಲೇ ಪತ್ರ ಬರೆಯಬೇಕಿತ್ತು, ನಾನು ಮರೆತೆ, ಇನ್ನೊಂದು ವರ್ಷ ತಾನಾಗಿ ಮುಂದುವರಿಯಿತು, ಅಷ್ಟರಲ್ಲಿ ಕೊರೋನ ಬೇರೆ. 2022ರ ಮಾರ್ಚಿನಿಂದ ಕಾನೂನು ಬದಲಾಗಿದೆ. ಹೊಸ ಕರಾರಾದರೆ, ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ನನ್ನ ದುಡ್ಡು ವಾಪಸ್ ಬರಲಿಲ್ಲ ಅನ್ನಿ.

ಈ ಸಲ ಸೇರಿದ್ದು ಫೆರೈನ್‌ಗೆ. ಫೆರೈನ್ ಅಂದರೆ ಸಂಘ. ಜರ್ಮನಿಯಲ್ಲಿ ಬೀದಿಗೊಂದು ಕ್ರೀಡಾ ಸಂಘ ಇರುತ್ತದೆ ಅಂದರೂ ತಪ್ಪಿಲ್ಲ, ಚಂದಾ ಜಿಮ್‌ಗಿಂತ ಕಮ್ಮಿ. ಬೆನ್ನು ಗಟ್ಟಿ ಮಾಡುವ ಹತ್ತು ವಾರದ ಕೋರ್ಸ್ ಇತ್ತು, ವಿಮೆಯವರು ಅದರ ದುಡ್ಡಿನಲ್ಲಿ ದೊಡ್ಡ ಪಾಲು ಹಿಂದಕ್ಕೆ ಕೊಡುತ್ತಾರೆ, ಆದರೆ ಶೇಕಡಾ 80 ಹಾಜರಿ ಬೇಕು. ಇಂಜಿನಿಯರಿಂಗ್‌ನಲ್ಲಿ ಅಟೆಂಡೆನ್ಸ್ ಶಾರ್ಟೇಜಿಗೆ ಫೈನ್ ಕಟ್ಟಿದವನು ನಾನು. ಇಲ್ಲಿ ಒಂದು ಕ್ಲಾಸೂ ತಪ್ಪಿಸಲಿಲ್ಲ. ಮೊದಲ ದಿನ ಒಳಗೆ ಹೋದರೆ, ಹದಿನಾಲ್ಕು ಜನರಲ್ಲಿ ನಾನೇ ಚಿಕ್ಕವನು. 71ರ ಒಬ್ಬ ಅಮ್ಮ, ಬೆಳ್ಳಿ ಕೂದಲು, ಓಲೆ ಹಾಕಿಕೊಂಡು, ನೆಲದಿಂದ ಎರಡು ತುದಿಗೂ ತೂಕದ ಬಿಲ್ಲೆ ಸಿಕ್ಕಿಸಿದ 50 ಕೇಜಿಯ ಕಬ್ಬಿಣದ ಬಾರ್ ಎತ್ತಿ ಇಟ್ಟರು, ಗಡಿಗೆ ಎತ್ತಿಟ್ಟ ಹಾಗೆ. ನನಗೆ ಕೊಟ್ಟಿದ್ದು ಬರೀ ಬಾರ್. ಅದೇ 20 ಕೇಜಿ. ಟವೆಲ್ ಹಾಸದೆ ಮೆಷಿನ್ ಮೇಲೆ ಕೂತಿದ್ದಕ್ಕೆ ಅದೇ ಅಮ್ಮ ಗದರಿದರು ಕೂಡ. (ಸೌನಾ, ಅಂದರೆ ಬೆವರಿಳಿಸುವ ಬಿಸಿ ಕೋಣೆಯ ವಿಷಯ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಟವೆಲ್ ಬಿಟ್ಟರೆ ಬೇರೆ ಏನೂ ಇಲ್ಲ, ಹದಿನಾಲ್ಕು ವರ್ಷವಾದರೂ ನನ್ನಿಂದ ಆಗಿಲ್ಲ.)

ನನಗೆ ನಿಜವಾಗಿ ಹೊಳೆದದ್ದು ಇಲ್ಲಿ. ಜರ್ಮನಿಯಲ್ಲಿ ಈ ಕಸರತ್ತಿನ ಸಂಘಗಳೆಲ್ಲ ಶುರುವಾಗಿದ್ದು ಹುಡುಗರಿಗಾಗಿ. ಫ್ರೀಡ್ರಿಶ್ ಲುಡ್‌ವಿಗ್ ಯಾನ್ ಅನ್ನುವವರು 1811ರಲ್ಲಿ ಬರ್ಲಿನ್ನಿನ ಹಾಸೆನ್‌ಹೈಡೆ ಬಯಲಿನಲ್ಲಿ ಕಸರತ್ತಿನ ಅಂಗಳ ಮಾಡಿದ್ದು, ನೆಪೋಲಿಯನ್ ವಿರುದ್ಧ ಗಟ್ಟಿ ಹುಡುಗರನ್ನು ತಯಾರು ಮಾಡಲು. ಅಂದರೆ ಅದೂ ಒಂದು ಗರಡಿ ಮನೆಯೇ. ಆಮೇಲೆ ಹೆಂಗಸರು ಬಂದರು, ಮಕ್ಕಳು ಬಂದರು, ಬೆನ್ನು ನೋವಿನ ಗುಮಾಸ್ತರು ಬಂದರು, ಕೊನೆಗೆ ನಾನೂ ಬಂದೆ. ಮೈಸೂರಿನಲ್ಲಿ ಒಡೆಯರ ಆಸರೆಯಲ್ಲಿ ಬೆಳೆದ ಗರಡಿಗಳು ಎಷ್ಟಿದ್ದವು, ಈಗಲೂ ಮೊಹಲ್ಲಾಗಳಲ್ಲಿ ಇವೆ, ದಸರೆಗೆ ಕುಸ್ತಿಯೂ ನಡೆಯುತ್ತದೆ. ದಂಡ, ಬಸ್ಕಿ, ಗದೆ, ಕಲ್ಲುಗುಂಡು, ಇವತ್ತು ಫಿಸಿಯೋ ನನಗೆ ಹೇಳಿಕೊಟ್ಟಿದ್ದೆಲ್ಲ ಅಲ್ಲಿತ್ತು. ಆದರೆ ಅದು ಪೈಲ್ವಾನರದ್ದಾಗಿಯೇ ಉಳಿಯಿತು. ನಮ್ಮಂಥ ಓದುವ ಮನೆಯ ಹುಡುಗರಿಗೆ ಆ ಕಡೆ ಹೋಗಬೇಡ ಅಂದರು. ಬಸ್ಕಿ ಅಂದರೆ ಮೇಷ್ಟರು ಕೊಡುವ ಶಿಕ್ಷೆ. ಈಗ ಊರಿನಲ್ಲಿ ಗಲ್ಲಿಗೊಂದು ಜಿಮ್ ಆಗಿದೆ, ಕನ್ನಡಿ, ಜೋರು ಹಾಡು, ಇಪ್ಪತ್ತರ ಹುಡುಗರು. ಅಲ್ಲಿಗೆ ಐವತ್ತರ ಗಂಡಸು ಹೋದರೆ 'ಅಂಕಲ್‌ಗೆ ಏನೋ ಆಗಿದೆ' ಅನ್ನುತ್ತಾರೆ, ಎಪ್ಪತ್ತರ ಹೆಂಗಸು ಹೋಗುವ ಮಾತೇ ಇಲ್ಲ. ವಯಸ್ಸಾದವರಿಗೆ ನಾವು ಕೊಟ್ಟಿದ್ದು ನಡಿಗೆ ಒಂದೇ. ಅದಕ್ಕೇ ಕೆರೆ ಏರಿ ತುಂಬ ನಡೆಯುವವರಿದ್ದಾರೆ, ನೆಲದ ಮೇಲೆ ಕೂತರೆ ಕೈಯೂರದೆ ಏಳುವವರು ಕಮ್ಮಿ.

ಎಲ್ಲ ಇಲ್ಲೇ ಚೆನ್ನಾಗಿದೆ ಅಂತಲ್ಲ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ, ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ, ಒಬ್ಬನೇ ಬಾಯಿ ಮುಚ್ಚಿಕೊಂಡು ನಡೆಯಬೇಕು. ಫೆರೈನ್‌ನಲ್ಲಿ ಎರಡು ವರ್ಷ ಪಕ್ಕದಲ್ಲೇ ಬಾರ್ ಎತ್ತಿದವರ ಮನೆ ಎಲ್ಲಿ ಅಂತ ನನಗೆ ಗೊತ್ತಿಲ್ಲ. ಭಾವನ ವಾಕಿಂಗ್ ಗುಂಪಿನಲ್ಲಿ ಒಬ್ಬರು ಒಂದು ದಿನ ಬರದಿದ್ದರೆ ಮಧ್ಯಾಹ್ನದೊಳಗೆ ನಾಲ್ಕು ಫೋನ್ ಹೋಗುತ್ತವೆ. ನಡೆದು ಮುಗಿಸಿ ಬೆಣ್ಣೆ ದೋಸೆ ತಿಂದು ಸುಟ್ಟಷ್ಟನ್ನೂ ಮತ್ತೆ ತುಂಬಿಕೊಳ್ಳುತ್ತಾರೆ ಅನ್ನುವುದು ಬೇರೆ ಮಾತು. ನಾನು ಒಬ್ಬನೇ ಕೂತು ಕ್ವಾರ್ಕ್ ತಿನ್ನುತ್ತೇನೆ. ಗಟ್ಟಿ ಮೊಸರಿನಂಥದ್ದು, ಕೊಬ್ಬು ತೆಗೆದದ್ದಾದರೆ ನೂರು ಗ್ರಾಮಿಗೆ 12 ಗ್ರಾಮ್ ಪ್ರೋಟೀನ್, ಸಸ್ಯಾಹಾರಿಗೆ ವರದಾನ, ರುಚಿ ಮಾತ್ರ ಸುಣ್ಣದ್ದು. ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಗಂಟಲಲ್ಲಿ ಇಳಿಯುತ್ತದೆ.

ಹೋದ ಡಿಸೆಂಬರಿಗೆ ವಾಪಸ್ ಬರುತ್ತೇನೆ. ಬ್ಯಾಗನ್ನು ಈ ಸಲ ಒಂದೇ ಏಟಿಗೆ ಎತ್ತಿಟ್ಟೆ. ಸಕ್ಕರೆ ಈಗ 96. ಸೊಂಟ 91, ಇನ್ನೂ ಒಂದು ಸೆಂಟಿಮೀಟರ್ ಬಾಕಿ ಇದೆ. ಮೈಸೂರಿನಲ್ಲಿ ಒಂದು ಸಂಜೆ, ಚಿಕ್ಕಂದಿನಲ್ಲಿ ಕಿಟಕಿಯಿಂದ ಇಣುಕುತ್ತಿದ್ದ ಗರಡಿಯ ಮುಂದೆ ನಿಂತೆ, ಹೆಂಡತಿಯೂ ಜೊತೆಗಿದ್ದಳು. ಕೆಮ್ಮಣ್ಣು, ಎಣ್ಣೆ, ಅರಿಶಿನದ ಅದೇ ವಾಸನೆ. ಉಸ್ತಾದರು ಹೊರಗೆ ಬಂದರು. ನನ್ನ ವಯಸ್ಸಿನವರನ್ನೆಲ್ಲ ಬಿಡ್ತೀರಾ ಸಾರ್ ಅಂತ ಅಳುಕಿನಿಂದಲೇ ಕೇಳಿದೆ.

"ಯಾರು ಬೇಡ ಅಂದ್ರು? ಬೆಳಿಗ್ಗೆ ಐದಕ್ಕೆ ಬನ್ನಿ."

ನನ್ನ ಹೆಂಡತಿ ಒಳಗೆ ಕಾಲಿಡುವ ವಾಡಿಕೆ ಅಲ್ಲಿಲ್ಲ. ಅದನ್ನು ಅವಳು ಮನೆಗೆ ಬರುವವರೆಗೂ ಹೇಳುತ್ತಲೇ ಇದ್ದಳು, ಅವಳ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಅಮ್ಮನಿಗೆ ಮಾತ್ರ ಮನೆಯಲ್ಲೇ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದನ್ನು ಹೇಳಿಕೊಟ್ಟೆ. "ಗಣಪತಿ ಮುಂದೆ ಇಪ್ಪತ್ತೊಂದು ಹೊಡೀತಿದ್ದೆ ಕಣೋ ನಾನು, ನೀನು ನಂಗೆ ಹೇಳಿಕೊಡ್ತೀಯಾ" ಅಂದರು. ಏಳನೆಯದಕ್ಕೆ ಸುಸ್ತಾಗಿ ಕಾಫಿ ಕೇಳಿದರು.

ಜೆಟ್‌ಲ್ಯಾಗ್ ಪುಣ್ಯದಿಂದ ಮೂರಕ್ಕೇ ಎಚ್ಚರವಿತ್ತು. ಐದಕ್ಕೆ ಹೋದೆ. ಮಟ್ಟಿಗೆ, ಅಂದರೆ ಕುಸ್ತಿಯ ಕೆಮ್ಮಣ್ಣಿನ ಅಂಕಣಕ್ಕೆ, ಇಳಿಯುವ ಮೊದಲು ಉಸ್ತಾದರು ವಾಚ್ ಬಿಚ್ಚಿಸಿ ಗೂಟಕ್ಕೆ ನೇತುಹಾಕಿದರು. ಐವತ್ತು ಬಸ್ಕಿ ಅಂದರು, ಮೂವತ್ತೆರಡಕ್ಕೆ ಬಿಟ್ಟರು. ಮಾರನೆಯ ದಿನ ಭಾವ ಕೆರೆಗೆ ಕರೆಯಲು ಬಂದಾಗ ನಾನು ಗೋಡೆ ಹಿಡಿದುಕೊಂಡು ಬಾಗಿಲು ತೆಗೆದೆ.