ರಜಾ ಚೀಟಿ

ಅಕ್ಕ ಫೋನ್ ಮಾಡಿದಾಗ ಕುಕ್ಕರ್ ಎರಡು ಸಲ ಕೂಗಿತ್ತು. ಮೂರನೆಯದಕ್ಕೆ ಕಾಯುತ್ತಾ ನಿಂತಿದ್ದೆ. "ಮಗಳ ಮದುವೆಗೆ ಮುಹೂರ್ತ ಸಿಕ್ತು ಕಣೋ, ಜೂನ್ ಕೊನೇ ವಾರ," ಅಂದಳು. "ಅಯ್ಯೋ, ತುಂಬಾ ಸಂತೋಷ," ಅಂದೆ. ಬಾಯಿ ಸಂತೋಷ ಅನ್ನುತ್ತಿರುವಾಗಲೇ ಕಣ್ಣು ಫ್ರಿಜ್ಜಿನ ಬಾಗಿಲಿಗೆ ಹೋಯಿತು. ಅಲ್ಲಿ ಮೈಸೂರು ಅರಮನೆಯ ಮ್ಯಾಗ್ನೆಟ್ಟಿನ ಕೆಳಗೆ ಮಕ್ಕಳ ಶಾಲೆಯ ಟರ್ಮ್ ಪಟ್ಟಿ ನೇತಾಡುತ್ತಿತ್ತು. ಬೇಸಿಗೆ ರಜೆ ಶುರುವಾಗುವುದು ಜುಲೈ ಮೂರನೇ ವಾರ ದಾಟಿದ ಮೇಲೆ.

"ಯಾಕೋ ದನಿ ಇಳೀತು?"

ಎಂಟು ಸಾವಿರ ಕಿಲೋಮೀಟರ್ ದೂರದಿಂದಲೂ ಅಕ್ಕನಿಗೆ ಇದೆಲ್ಲ ಗೊತ್ತಾಗುತ್ತದೆ.

"ಒಂದು ತಿಂಗಳು ಮುಂದಕ್ಕೆ ಹಾಕೋಕೆ ಆಗಲ್ವಾ ಅಕ್ಕ?"

"ಆಷಾಢದಲ್ಲಿ ಮದುವೆ ಮಾಡ್ತಾರೇನೋ! ಲಂಡನ್ನಿಗೆ ಹೋಗಿ ಅದೂ ಮರೆತುಹೋಯ್ತಾ?"

ನಾವಿರುವುದು ಲಂಡನ್ನಿನಲ್ಲಿ ಅಲ್ಲ, ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಊರಿನಲ್ಲಿ. ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. ಅಕ್ಕನ ಪ್ರಕಾರ ಇಂಗ್ಲೆಂಡಿನಲ್ಲಿ ಇರುವುದು ಒಂದೇ ಊರು.

ಅವಳದೇನೂ ತಪ್ಪಿಲ್ಲ. ಈ ವರ್ಷದ ಪಂಚಾಂಗವೇ ಹಾಗಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಕೂತಿದೆ. ಮೇ 17ರಿಂದ ಜೂನ್ 15ರವರೆಗೆ ಯಾವ ಶುಭಕಾರ್ಯವೂ ಇಲ್ಲ. ಆಮೇಲೆ ಒಂದು ತಿಂಗಳು ನಿಜ ಜ್ಯೇಷ್ಠ. ಹುಡುಗಿ ಮನೆಗೆ ಎರಡನೆಯವಳಾದ್ದರಿಂದ ಜ್ಯೇಷ್ಠ ಮಾಸದ ತಕರಾರಿಲ್ಲ. ಜುಲೈ ನಡುವಿಗೆ ಆಷಾಢ ಹಿಡಿದರೆ ಬಿಡುವುದು ಆಗಸ್ಟ್ 12ಕ್ಕೆ. ಅಷ್ಟರಲ್ಲಿ ಹುಡುಗ ಅಮೆರಿಕಕ್ಕೆ ವಾಪಸ್ ಹೋಗಿರುತ್ತಾನೆ. ಇಂಗ್ಲೆಂಡಿನ ಶಾಲೆಗಳು ಬಾಗಿಲು ಹಾಕುವುದು ಸರಿಯಾಗಿ ಆಷಾಢ ಹಿಡಿದ ಮೇಲೆ. ಮೇ ಕೊನೆಯಲ್ಲಿ ಸಿಗುವ ಒಂದು ವಾರದ ಹಾಫ್ ಟರ್ಮ್ ರಜೆ ಅಧಿಕಮಾಸದ ಹೊಟ್ಟೆಯೊಳಗೆ ಬಿದ್ದಿದೆ. ಈಸ್ಟರ್ ಕೂಡ ಚಂದ್ರನನ್ನು ನೋಡಿಕೊಂಡೇ ಬರುವ ಹಬ್ಬ, ನಮ್ಮ ಪಂಚಾಂಗದ ಜೊತೆ ಸ್ವಲ್ಪ ನೆಂಟಸ್ತಿಕೆ ಇಟ್ಟುಕೊಳ್ಳಬಹುದಿತ್ತು. ಅದೂ ಏಪ್ರಿಲ್ 5ಕ್ಕೇ ಬಂದು ಹೋಗುತ್ತದೆ.

ಬರೀ ನೆಂಟನಾಗಿದ್ದರೆ ವಾಟ್ಸಾಪಿನಲ್ಲಿ ಎರಡು ಕೈ ಮುಗಿದು ಸುಮ್ಮನಾಗಬಹುದಿತ್ತು. ಆದರೆ ನಾನು ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು. ನಮ್ಮ ಕಡೆ ಮೊದಲೆಲ್ಲ ಎತ್ತಿಕೊಂಡೇ ಬರುತ್ತಿದ್ದರು. ನನ್ನ ಸೊಂಟದ ವರದಿ ಅಕ್ಕನಿಗೂ ತಲುಪಿರುವುದರಿಂದ ಕೈ ಹಿಡಿದುಕೊಂಡು ಬಂದರೆ ಸಾಕು ಅಂತ ರಿಯಾಯಿತಿ ಸಿಕ್ಕಿದೆ. ಬರುವುದಕ್ಕೇ ರಿಯಾಯಿತಿ ಇಲ್ಲ.

ಆ ರಾತ್ರಿ ಗಂಡ ಹೆಂಡತಿ ಲ್ಯಾಪ್‌ಟಾಪ್ ಮುಂದೆ ಕೂತೆವು. ಜೂನ್ ಕೊನೆಗೆ ಬೆಂಗಳೂರಿಗೆ ಹೋಗಿಬರಲು ತಲೆಗೆ 640 ಪೌಂಡು ತೋರಿಸಿತು. ಸುಮ್ನೆ, ಹೊಟ್ಟೆ ಉರಿಸಿಕೊಳ್ಳೋಣ ಅಂತ, ಶಾಲೆ ಮುಚ್ಚಿದ ಮಾರನೇ ದಿನಕ್ಕೆ ನೋಡಿದೆ. 1,080. ಅದೇ ವಿಮಾನ, ಅದೇ ಸೀಟು, ಅದೇ ತಣ್ಣಗಿನ ಉಪ್ಪಿಟ್ಟು. ವಿಮಾನದವರ ಹತ್ತಿರವೂ ನಮ್ಮ ಫ್ರಿಜ್ಜಿನ ಮೇಲಿರುವ ಪಟ್ಟಿಯೇ ಇದೆ. ಬೇಡಿಕೆ ಜಾಸ್ತಿಯಾದರೆ ಬೆಲೆ ಏರುತ್ತದೆ ಅಂತ ಅರ್ಥಶಾಸ್ತ್ರ ಓದಿದವರು ಸಮಾಧಾನದಿಂದ ವಿವರಿಸುತ್ತಾರೆ. ಅವರಿಗೆ ಸಾಮಾನ್ಯವಾಗಿ ಮಕ್ಕಳಿರುವುದಿಲ್ಲ.

ಹಾಗಾದರೆ ಜೂನಿನಲ್ಲೇ ಹೋಗಿ ಅನ್ನುತ್ತೀರಿ. ಹೋಗಬಹುದು, ದಂಡ ಕಟ್ಟಿ. ಇಂಗ್ಲೆಂಡಿನಲ್ಲಿ ಮೊದಲು ಹೆಡ್ಮಾಸ್ತರರು ಮನಸ್ಸು ಮಾಡಿದರೆ ವರ್ಷಕ್ಕೆ ಹತ್ತು ದಿನದವರೆಗೆ ರಜೆ ಕೊಡಬಹುದಿತ್ತು. 2013ರ ಸೆಪ್ಟೆಂಬರಿನಿಂದ ಅದು ನಿಂತಿತು. ಈಗ ಅಸಾಧಾರಣ ಸಂದರ್ಭ ಇದ್ದರೆ ಮಾತ್ರ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ದಿನಕ್ಕೆ ಎರಡು ಹಾಜರಿ. ಒಪ್ಪಿಗೆ ಇಲ್ಲದೆ ಹತ್ತು ಹಾಜರಿ, ಅಂದರೆ ಐದು ದಿನ ತಪ್ಪಿದರೆ ದಂಡದ ಲೆಕ್ಕ ಶುರು. 2024ರ ಆಗಸ್ಟಿನಿಂದ ಅದು 80 ಪೌಂಡು. ಮನೆಗೆ ಒಂದು ದಂಡ ಅಂದುಕೊಳ್ಳಬೇಡಿ. ಒಂದೊಂದು ಮಗುವಿಗೂ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. 21 ದಿನದಲ್ಲಿ ಕಟ್ಟದಿದ್ದರೆ ಎರಡರಷ್ಟು. ಮೂರು ವರ್ಷದೊಳಗೆ ಎರಡನೇ ಸಲ ಮಾಡಿದರೆ ನೇರವಾಗಿ 160. ಮೂರನೇ ಸಲಕ್ಕೆ ದಂಡದ ಚೀಟಿಯೇ ಇಲ್ಲ, ಕೋರ್ಟಿಗೇ ಹೋಗಬೇಕಾಗಬಹುದು. ಅಲ್ಲಿ 2,500 ಪೌಂಡಿನವರೆಗೂ ಹಾಕಬಹುದು.

ನಮಗೆ ಇಬ್ಬರು ಮಕ್ಕಳು. 320 ಪೌಂಡು. ಟಿಕೆಟ್ಟಿನಲ್ಲಿ ಉಳಿಯುವುದು 1,760. ನನ್ನ ಮಗನಿಗೆ ಎಂಟು ವರ್ಷ. ಯಾವುದು ಲಾಭ ಅಂತ ಅವನೇ ಬೆರಳು ಮಡಚದೆ ಹೇಳಿದ. ಶಾಲೆ ತಪ್ಪಿಸುವ ಲೆಕ್ಕವನ್ನು ಅಷ್ಟು ಚೆನ್ನಾಗಿ ಶಾಲೆಯಲ್ಲೇ ಕಲಿಸಿದ್ದಾರೆ.

ಈ ಜಗಳವನ್ನು ಕೊನೆಯವರೆಗೆ ಆಡಿ ನೋಡಿದವರೂ ಇದ್ದಾರೆ. ಐಲ್ ಆಫ್ ವೈಟ್‌ನ ಜಾನ್ ಪ್ಲಾಟ್ ಅನ್ನುವವರು 2015ರ ಏಪ್ರಿಲ್‌ನಲ್ಲಿ ಮಗಳನ್ನು ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಕರೆದುಕೊಂಡು ಹೋದರು. ದಂಡ 120 ಪೌಂಡಿಗೆ ಏರಿತು, ಕಟ್ಟಲಿಲ್ಲ. ನನ್ನ ಮಗಳು ನಿಯಮಿತವಾಗಿ ಶಾಲೆಗೆ ಹೋಗುತ್ತಾಳೆ, ಕಾನೂನು ಕೇಳುವುದೂ ಅಷ್ಟೇ ಅಂತ ವಾದಿಸಿದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಹೈಕೋರ್ಟಿನಲ್ಲೂ ಗೆದ್ದರು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ನಿಯಮಿತವಾಗಿ ಅಂದರೆ ಶಾಲೆಯ ನಿಯಮದಂತೆ ಅಂತ ಅರ್ಥ ಹೇಳಿ ಸೋಲಿಸಿತು. ಒಂದು ಪದದ ಅರ್ಥಕ್ಕೆ ಎರಡು ವರ್ಷ.

ಪದಗಳ ಅರ್ಥದ ಮಾತು ಬಂತಲ್ಲ, ನಮ್ಮಪ್ಪನ ರಜಾ ಚೀಟಿಯ ವಿಷಯ ಹೇಳಿಬಿಡುತ್ತೇನೆ.

ನಾನು ಅರಸೀಕೆರೆಯಲ್ಲಿ ಆರನೇ ಕ್ಲಾಸು. ನಮ್ಮ ಕ್ಲಾಸಿನಲ್ಲಿ ರಜಾ ಚೀಟಿ ಅಂದರೆ ಒಂದೇ ನಮೂನೆ, ಎಲ್ಲರಿಗೂ ಬಾಯಿಪಾಠ. "ಮಾನ್ಯರೇ, ನನಗೆ ನಿನ್ನೆಯಿಂದ ಜ್ವರ ಬಂದಿರುವುದರಿಂದ." ಜಾತ್ರೆಯ ದಿನ ಅರ್ಧ ಕ್ಲಾಸಿಗೆ ಜ್ವರ. ಸಂತೆ ದಿನ ಹಿಂದಿನ ಎರಡು ಬೆಂಚಿಗೆ ಜ್ವರ. ಮೇಷ್ಟ್ರು ಓದದೇ ಸಹಿ ಹಾಕುತ್ತಿದ್ದರು. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೊಸದುರ್ಗದಲ್ಲಿ ಒಂದು ಮದುವೆಗೆ ಮೂರು ದಿನ ಹೋಗಬೇಕಿತ್ತು. ಜ್ವರ ಅಂತ ಬರೆದುಕೊಡಿ ಅಂದೆ. "ಇಲ್ಲದ ಜ್ವರ ಹೇಗೋ ಬರೆಯೋದು?" ಅಂದವರೇ ಕಚೇರಿಯ ಉದ್ದ ಹಾಳೆ ತೆಗೆದು, ಎಡಗಡೆ ಮಾರ್ಜಿನ್ ಮಡಚಿ, ಶುರು ಮಾಡಿದರು.

"ವಿಷಯ: ನನ್ನ ಷಡ್ಡಕರ ದ್ವಿತೀಯ ಪುತ್ರಿಯ ವಿವಾಹದ ನಿಮಿತ್ತ ರಜೆ ಕೋರಿ. ಉಲ್ಲೇಖ: ಲಗ್ನಪತ್ರಿಕೆ, ಇದರೊಂದಿಗೆ ಲಗತ್ತಿಸಿದೆ."

ಲಗತ್ತಿಸಿಯೂ ಇದ್ದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಗುಂಡುಸೂಜಿಯಿಂದ ಚುಚ್ಚಿ. ಒಳಗೆ ಒಂದೂವರೆ ಪುಟ. ಬೆಳಿಗ್ಗೆ ಆರರ ಬಸ್ಸು, ಹುಳಿಯಾರಿನಲ್ಲಿ ಬದಲಿಸುವುದು, ಸಂಜೆ ವರಪೂಜೆ, ಮಾರನೇ ದಿನ ಧಾರೆ, ಅದರ ಮಾರನೇ ದಿನ ಬೀಗರ ಔತಣ. "ಮರಳುವಾಗ ಬಸ್ಸು ತಪ್ಪಿದಲ್ಲಿ ಇನ್ನೂ ಅರ್ಧ ದಿನವನ್ನು ದಯಮಾಡಿ ಮನ್ನಿಸತಕ್ಕದ್ದು."

ನಾಚಿಕೆಯಿಂದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟೆ. ಮೇಷ್ಟ್ರು ಬಿಡಿಸಿದರು. ಕನ್ನಡಕ ಹಾಕಿಕೊಂಡರು. ಎದ್ದು ನಿಂತು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದರು. ನಾನು ಡೆಸ್ಕಿನೊಳಗೆ ಇಳಿದುಹೋದೆ. ಓದಿ ಮುಗಿಸಿ, "ಷಡ್ಡಕ ಅಂದ್ರೆ ಯಾರ್ರೋ?" ಅಂದರು. ಯಾರಿಗೂ ಗೊತ್ತಿಲ್ಲ. ಒಬ್ಬ "ಷಡ್ಯಂತ್ರ ಮಾಡೋನು ಸಾರ್" ಅಂದು ಕಿವಿ ಹಿಂಡಿಸಿಕೊಂಡ. ಅವತ್ತು ಗಣಿತದ ಪೀರಿಯಡ್ಡು ಪೂರ್ತಿ ಬೋರ್ಡಿನ ಮೇಲೆ ನೆಂಟಸ್ತಿಕೆಯೇ ನಡೆಯಿತು. ಹೆಂಡತಿಯ ತಂಗಿಯ ಗಂಡ ಷಡ್ಡಕ. ಗಂಡನ ತಂಗಿ ನಾದಿನಿ. ಸೋದರಮಾವನ ಹೆಂಡತಿ ಅತ್ತೆ, ಅಪ್ಪನ ತಂಗಿಯೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ, ಯಾಕೆ? ಗೀಟು ಎಳೆದು ಎಳೆದು ಬೋರ್ಡಿನಲ್ಲಿ ಜಾಗ ಸಾಲದೆ ಪಕ್ಕದ ಗೋಡೆಯ ಸುಣ್ಣದ ಮೇಲೂ ಬರೆದರು. ಗಂಟೆ ಹೊಡೆದ ಮೇಲೆ ಚೀಟಿಯ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ "ಮಂಜೂರು" ಅಂತ ಬರೆದು ಸಹಿ ಹಾಕಿದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಪದ: "ಚಿರೋಟಿ."

ಅಪ್ಪ ಅದನ್ನು ಸರ್ಕಾರಿ ಆದೇಶ ಅಂತಲೇ ತಿಳಿದರು. ಬೀಗರ ಔತಣದ ದಿನ ಭಟ್ಟರ ಹತ್ತಿರ ತಾವೇ ಹೋಗಿ ಎರಡು ಚಿರೋಟಿ ಕೇಳಿ, ಪೇಪರಿನಲ್ಲಿ ಕಟ್ಟಿಸಿದರು. ಬಸ್ಸಿನಲ್ಲಿ ಅದು ಅಮ್ಮನ ತೊಡೆಯ ಮೇಲೆ. ಹುಳಿಯಾರಿನವರೆಗೆ ಚೆನ್ನಾಗಿತ್ತು. ಅಲ್ಲಿಂದ ಮುಂದೆ ನಿಂತು ಬಂದೆವು, ಯಾರದೋ ಟ್ರಂಕು ತಗುಲಿತು. ಮಾರನೇ ದಿನ ಮೇಷ್ಟ್ರು ಪೊಟ್ಟಣ ಬಿಚ್ಚಿದಾಗ ಒಳಗಿದ್ದದ್ದು ಪುಡಿ. ಸಕ್ಕರೆ ಯಾವುದು, ಚಿರೋಟಿ ಯಾವುದು ಗೊತ್ತಾಗುತ್ತಿರಲಿಲ್ಲ. ಪೇಪರಿಗೆ ತುಪ್ಪ ಇಳಿದು ಹಿಂದಿನ ಪುಟದ ಅಕ್ಷರವೆಲ್ಲ ಮುಂದಕ್ಕೆ ಕಾಣುತ್ತಿದ್ದವು. ಮೇಷ್ಟ್ರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. "ಹಾಲು ತರಲಿಲ್ವೇನೋ?" ಅಂದರು. ಉಳಿದದ್ದನ್ನು ಮೊದಲ ಬೆಂಚಿನವರ ಅಂಗೈಗೆ ಹಾಕಿದರು. ನಾನು ಮೂರನೇ ಬೆಂಚು. ನನಗೆ ಸಿಗಲಿಲ್ಲ. ಆ ಬೇಜಾರು ಈಗಲೂ ಇದೆ.

ಎಲ್ಲಿದ್ದೆ? ಹಾಂ, ಇಲ್ಲಿನ ಶಾಲೆಗೆ ಅರ್ಜಿ.

ಅರ್ಜಿ ಆನ್‌ಲೈನ್. "ಕಾರಣ" ಅಂತ ಒಂದು ಸಣ್ಣ ಚೌಕ. ಫ್ಯಾಮಿಲಿ ವೆಡ್ಡಿಂಗ್ ಅಂತ ಬರಿ ಸಾಕು ಅಂದಳು ಹೆಂಡತಿ. ನನಗೆ ಸಮಾಧಾನ ಆಗಲಿಲ್ಲ. ಅಪ್ಪನ ರಕ್ತ ನೋಡಿ. ನಾನು ಹುಡುಗಿಯ ಅಮ್ಮನ ತಮ್ಮ, ನಮ್ಮಲ್ಲಿ ಆ ಸಂಬಂಧಕ್ಕೆ ಬೇರೆಯೇ ಹೆಸರಿದೆ, ಬೇರೆಯೇ ಕೆಲಸ ಇದೆ, ನಾನಿಲ್ಲದಿದ್ದರೆ ಹುಡುಗಿ ಮಂಟಪಕ್ಕೆ ಬರುವ ಹಾಗಿಲ್ಲ ಅಂತ ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಇಂಗ್ಲಿಷಿನಲ್ಲಿ ಸೋದರಮಾವನೂ ಅಂಕಲ್, ಚಿಕ್ಕಪ್ಪನೂ ಅಂಕಲ್, ಪಕ್ಕದ ಮನೆಯವನೂ ಅಂಕಲ್. ಆ ಬಡ ಪದವನ್ನು ಎಷ್ಟು ಹಿಂಡಿದರೂ ಅಸಾಧಾರಣ ಸಂದರ್ಭ ಹೊರಗೆ ಬರುವುದಿಲ್ಲ. ಚೌಕವೂ ತುಂಬಿಹೋಯಿತು. ನನ್ನ ವಾಕ್ಯ "ಮಂಟಪಕ್ಕೆ" ಅನ್ನುವಲ್ಲಿಗೆ ನಿಂತಿತು.

ಎರಡು ಶಾಲೆಯಿಂದ ಎರಡು ಉತ್ತರ ಬಂತು. ಮಗಳ ಶಾಲೆಯವರು ಆಗುವುದಿಲ್ಲ ಅಂದರು, ಮುಗಿಯಿತು. ಮಗನ ಶಾಲೆಯವರು ದೊಡ್ಡ ಮನಸ್ಸು ಮಾಡಿ ಮದುವೆಯ ದಿನ ಒಂದಕ್ಕೆ ರಜೆ ಕೊಟ್ಟರು. ಒಂದು ದಿನ! ಒಂದು ದಿನದಲ್ಲಿ ಏರ್‌ಪೋರ್ಟಿನಲ್ಲಿ ಬೆಲ್ಟು ಬಿಚ್ಚಿ ಮತ್ತೆ ಹಾಕಿಕೊಳ್ಳಬಹುದು, ಅಷ್ಟೇ. ಇದೇ ಶಾಲೆ ಮಾಸ್ತರರ ತರಬೇತಿ ಅಂತ ವರ್ಷಕ್ಕೆ ಐದು ದಿನ ಬಾಗಿಲು ಹಾಕುತ್ತದೆ. ಅದಕ್ಕೆ ಇನ್‌ಸೆಟ್ ಡೇ ಅಂತ ಹೆಸರು. ನಮ್ಮ ಮನೆಯ ಎರಡು ಶಾಲೆಗಳ ಇನ್‌ಸೆಟ್ ದಿನಗಳು ಒಂದು ವರ್ಷವೂ ಒಂದೇ ದಿನ ಬಿದ್ದಿಲ್ಲ. ಆ ದಿನಗಳಲ್ಲಿ ನಾನು ಆಫೀಸಿಗೆ ರಜೆ ಹಾಕಬೇಕು. ನನಗೆ ಯಾರು ದಂಡ ಕೊಡುತ್ತಾರೆ?

ಎಡಿನ್‌ಬರೋದಲ್ಲಿರುವ ಗೆಳೆಯನಿಗೆ ಇದನ್ನೆಲ್ಲ ಹೇಳಿಕೊಂಡೆ. ಸ್ಕಾಟ್ಲೆಂಡಿನಲ್ಲಿ ಶಾಲೆ ಜೂನ್ ಕೊನೆಗೇ ಮುಚ್ಚುತ್ತದೆ, ಈ ದಂಡವೂ ಇಲ್ಲ. "ಇಲ್ಲಿಗೇ ಬಂದುಬಿಡಪ್ಪ," ಅಂದ. ಅಲ್ಲಿನ ಚಳಿಯ ಬಗ್ಗೆ ಎರಡು ಮಾತಾಡಿ ಫೋನಿಟ್ಟೆ.

ನನಗೆ ಜಾಸ್ತಿ ಉರಿಯುವುದು ಒಂದು ಪದಕ್ಕೆ. ಇದನ್ನು ಎಲ್ಲರೂ ಹಾಲಿಡೇ ಅನ್ನುತ್ತಾರೆ. ಆಫೀಸಿನವರು "ಹಾಲಿಡೇ ಹೇಗಿತ್ತು" ಅನ್ನುತ್ತಾರೆ. ಮೂರು ವಾರದಲ್ಲಿ ಹದಿನಾಲ್ಕು ಮನೆ, ಮನೆಗೊಂದು ಕಾಫಿ, ಕಾಫಿಗೊಂದು ಕೋಡುಬಳೆ, ನಡುವೆ ಬ್ಯಾಂಕಿಗೆ ಮೂರು ಸಲ ಕೆವೈಸಿ. ಇದು ಹಾಲಿಡೇನಾ? ಹೋದ ಸಲ ಶಿಸ್ತಾಗಿ ಕಾನೂನಿನ ಪ್ರಕಾರ, ಪೂರ್ತಿ ದುಡ್ಡು ತೆತ್ತು, ಆಗಸ್ಟಿನಲ್ಲೇ ಹೋದೆವು. ನಮ್ಮ ಮಕ್ಕಳಿಗೆ ರಜೆ, ಅಕ್ಕನ ಊರಿನ ಮಕ್ಕಳಿಗೆಲ್ಲ ಶಾಲೆ. ಅವರ ರಜೆ ಮೇ ಕೊನೆಗೇ ಮುಗಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬೀದಿ ಖಾಲಿ. ನನ್ನ ಮಗ ಜಗಲಿಯ ಮೇಲೆ ಕೂತು ಸಂಜೆ ನಾಲ್ಕೂವರೆಯವರೆಗೆ ಮಳೆ ನೋಡುತ್ತಿದ್ದ. ರಸಪುರಿ, ಬಾದಾಮಿ ಎರಡೂ ಮುಗಿದು ಗಾಡಿಯಲ್ಲಿ ನೀಲಂ ಒಂದೇ ಉಳಿದಿತ್ತು. ಅಪ್ಪನ ಊರಿನ ಮಾವಿನ ಹಣ್ಣು ಅಂತ ನಾನೇ ಕುಯ್ದು ಕೊಟ್ಟೆ. ಓಟೆಯೊಳಗಿಂದ ಕಪ್ಪಗಿನ ಹುಳ ಎದ್ದು ಬಂತು. ಅವನು ಅವತ್ತಿನಿಂದ ಮಾವಿನ ಹಣ್ಣು ಮುಟ್ಟಿಲ್ಲ.

ಜ್ವರ ಅಂತ ಹೇಳಿಬಿಡಿ ಅನ್ನುವವರು ಇಲ್ಲೂ ಇದ್ದಾರೆ. ಬಿಳಿಯರ ಮಕ್ಕಳು ಜ್ವರ ಮುಗಿಸಿ ಬಿಸಿಲಿಗೆ ಕೆಂಪಾಗಿ ಬಂದು ಸಿಕ್ಕಿಬೀಳುತ್ತಾರೆ. ನಮ್ಮ ಬಣ್ಣಕ್ಕೆ ಆ ಭಯವಿಲ್ಲ. ಆದರೆ ಮಗಳ ಕೈಯ ಮೆಹಂದಿ ಎರಡು ವಾರ ಹೋಗುವುದಿಲ್ಲ. ಶಾಲೆಯಿಂದ ಫೋನ್ ಬಂದರೆ ಊರಿನಲ್ಲಿದ್ದಾಗ ರಿಂಗಾಗುವ ಸದ್ದೇ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ ಮಗ "ಇಲ್ಲದ ಜ್ವರ ಯಾಕೆ ಹೇಳ್ಬೇಕು ಅಪ್ಪಾ?" ಅಂದ. ಅವನು ತಾತನನ್ನು ನೋಡಿಯೇ ಇಲ್ಲ.

ನಿನ್ನೆ ಅಕ್ಕ ಮತ್ತೆ ಫೋನ್ ಮಾಡಿದಳು. ಟಿಕೆಟ್ ಆಯ್ತಾ ಅಂದಳು. ಬೆಳಿಗ್ಗೆ ನೋಡಿದಾಗ 640 ಇದ್ದದ್ದು 662 ಆಗಿತ್ತು. ದಂಡದ ವಿಷಯ ಹೇಳಿದೆ.

"ಒಟ್ಟು ಎಷ್ಟಾಗುತ್ತೋ?"

"ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ನಲವತ್ತು ಸಾವಿರ."

ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿದ್ದಳು ಅನ್ನಿಸುತ್ತೆ.

"ಸರಿ, ಮುಯ್ಯಿ ಅಂತ ಬರೆಸ್ತೀನಿ ಬಿಡು. ನಿನ್ನ ಹೆಸರಲ್ಲಿ ಬರೆಸ್ಲೋ, ಆ ಸ್ಕೂಲಿನ ಹೆಸರಲ್ಲಿ ಬರೆಸ್ಲೋ?"

ಕುಕ್ಕರ್ ಕೂಗುತ್ತಿದೆ, ಆಮೇಲೆ ಮಾಡ್ತೀನಿ ಅಂದೆ. ಅವತ್ತು ನಾವು ಕುಕ್ಕರ್ ಇಟ್ಟಿರಲಿಲ್ಲ.